ಅಣ್ಣನ ಬೆರಳಿಗೆ ತಕ್ಕ ದಾರ

ತಪ್ಪು ಒಪ್ಪಿಕೊಳ್ಳಲು ಬೇಕಾದ ಅಂಗವೇ ಆ ಮನುಷ್ಯನಿಗೆ ಇರಲಿಲ್ಲ. ಇದು ಅವನ ಅತ್ತಿಗೆಯ ತೀರ್ಪು. ಮದುವೆಯಾಗಿ ಬಂದಂದಿನಿಂದ ಅವನ ಅಂಗಿಗೆ ಗುಂಡಿ ಹೊಲಿದು, ಜ್ವರ ಬಂದಾಗ ಗದರಿಸಿ ಮಾತ್ರೆ ನುಂಗಿಸಿ, ವಾದಕ್ಕಿಳಿದಾಗಲೆಲ್ಲ ಸೋತು ಎದ್ದುಹೋದವಳ ತೀರ್ಪಾದ್ದರಿಂದ ಅದನ್ನು ತಳ್ಳಿಹಾಕುವಂತಿಲ್ಲ. ಹಾಲು ಉಕ್ಕಿದರೆ ತಪ್ಪು ಒಲೆಯದು. ರೈಲು ಹೊರಟುಹೋದರೆ ರೈಲಿನದು. ಛತ್ರಿಯಿಲ್ಲದೆ ನೆನೆದು ಬಂದರೆ ಹವಾಮಾನ ಹೇಳಿದವರದು. ತನ್ನದು ಎನ್ನಬಹುದಾದ ತಪ್ಪೊಂದು ಅವನ ಬದುಕಿನಲ್ಲಿ ಇನ್ನೂ ಸಂಭವಿಸಿರಲಿಲ್ಲ. ಆದರೂ ಈ ಮಾತು ಹೇಳುವಾಗ ಆಕೆಯ ದನಿಯಲ್ಲಿ ಕಹಿ ಇರುತ್ತಿರಲಿಲ್ಲ. ಆ ಊರಿನಲ್ಲಿ ಎಷ್ಟೋ ಜನರ ಬೆರಳುಗಳು ನೆಟ್ಟಗೆ ಉಳಿದಿರುವುದು ಈ ಹಟಮಾರಿಯ ದೆಸೆಯಿಂದ ಎಂಬುದನ್ನು ಆಕೆ ಬಲ್ಲವಳಾಗಿದ್ದಳು. ಉಪಕಾರವನ್ನು ಮರೆಯುವ ಜಾಯಮಾನ ಆಕೆಯದಾಗಿರಲಿಲ್ಲ.

ಬಂದರಿಗೆ ಇಳಿಯುವ ಬೀದಿಯ ಕೊನೆಯಲ್ಲಿ, ದೋಣಿಗೆ ಬಳಿಯುವ ಬಣ್ಣದ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ, ಅವನ ಗಾಳದ ಸಾಮಾನಿನ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವನು ಬಾಗಿಲಲ್ಲೇ ಕಾಯಬೇಕು. ಗೋಡೆಗೊರಗಿದ ಕೋಲುಗಳು, ಗಾಜಿನ ಪೆಟ್ಟಿಗೆಯಲ್ಲಿ ರೀಲುಗಳು, ಸೀಸದ ಗುಂಡುಗಳ ಡಬ್ಬಿ. ಎಲ್ಲಕ್ಕೂ ಮೇಲೆ, ಅವನ ತಲೆಯ ಹಿಂದಿನ ಕಪಾಟಿನಲ್ಲಿ, ಹೆಣೆದ ದಾರದ ಉರುಳೆಗಳು. ಹಳೆಯ ನೈಲಾನ್ ದಾರ ಒಂದೇ ಎಳೆಯದು, ಜಗ್ಗಿದರೆ ಹಿಗ್ಗುತ್ತದೆ. ಇದಾದರೋ ಸೂಕ್ಷ್ಮವಾದ ಎಳೆಗಳನ್ನು ಜಡೆಯಂತೆ ಹೆಣೆದದ್ದು. ನೋಡಲು ಹೊಲಿಗೆಯ ನೂಲು, ಹಿಗ್ಗುವ ಮಾತೇ ಇಲ್ಲ, ಬೆರಳಿಗೆ ಸುತ್ತಿಕೊಂಡು ಜಗ್ಗಿದರೆ ದಾರ ಉಳಿಯುತ್ತದೆ, ಬೆರಳು ಉಳಿಯುವುದಿಲ್ಲ. ಎಷ್ಟು ಪೌಂಡಿನ ಎಳೆತವನ್ನು ತಾಳುತ್ತದೆಂದು ಪ್ರತಿ ಉರುಳೆಯ ಮೇಲೂ ಅಚ್ಚಾಗಿರುತ್ತದೆ. ಗಿರಾಕಿಗಳು ಆ ಅಂಕಿಯನ್ನು ನೋಡಿ ದಾರ ಕೇಳುತ್ತಿದ್ದರು. ಅವನು ಗಿರಾಕಿಯನ್ನು ನೋಡಿ ಅಂಕಿ ಹೇಳುತ್ತಿದ್ದ.

ಅದಕ್ಕೂ ಮೊದಲು ವಿಚಾರಣೆ ನಡೆಯಬೇಕಿತ್ತು. "ಯಾವ ನೀರಿಗೆ? ಎಲ್ಲಿ ನಿಂತ್ಕೋತೀರ? ಕೆಳಗೆ ಬಂಡೆನಾ, ಮರಳಾ? ಕೋಲು ಯಾವುದು? ಯಾವ ಮೀನು ಬೇಕು ಅಂತ ಕೇಳ್ತಿಲ್ಲ, ಯಾವುದು ಬರುತ್ತೆ ಅಂತ ಕೇಳ್ತಿದೀನಿ." ಊರಿನವರು ಅವನಿಗೆ 'ಪ್ರಶ್ನೆಪತ್ರಿಕೆ' ಎಂದು ಹೆಸರಿಟ್ಟಿದ್ದರು. ಉತ್ತರ ಏನೇ ಬರಲಿ, ಕೇಳಿದ್ದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ದಾರವನ್ನೇ ಅವನು ಕೈಗಿಡುತ್ತಿದ್ದ. ಹೊಸ ಕೋಲು ಕೊಂಡು ಬಂದಿದ್ದ ಹಲ್ಲಿನ ಡಾಕ್ಟರೊಬ್ಬರು ಒಮ್ಮೆ, "ಇರೋದ್ರಲ್ಲೇ ಗಟ್ಟಿ ದಾರ ಕೊಡಿ," ಎಂದರು.

"ಯಾಕೆ, ಹಡಗು ಕಟ್ಟೋಕಾ?"

"ಮೀನು ಹಿಡಿಯೋಕೆ ಕಣ್ರೀ!"

"ಹಾಗಾದ್ರೆ ಕೇಳಿ ಡಾಕ್ಟ್ರೇ. ಗಾಳ ಕೆಳಗೆ ಬಂಡೆಗೆ ಸಿಕ್ಕಿಹಾಕ್ಕೊಂಡ್ರೆ ಏನಾದ್ರೂ ಒಂದು ತುಂಡಾಗ್ಲೇಬೇಕು. ದಾರ ತುಂಡಾಗ್ಲಿಲ್ಲ ಅಂದ್ರೆ ಕೋಲು. ಕೋಲೂ ತುಂಡಾಗ್ಲಿಲ್ಲ ಅಂದ್ರೆ ನೀವು. ಈ ಮೂರರಲ್ಲಿ ಅಗ್ಗದ್ದು ಯಾವುದು?"

"ಮನೇಲಿ ಹೆಂಡ್ತೀನ ಕೇಳಿ ಹೇಳ್ತೀನಿ," ಎಂದರು ಡಾಕ್ಟರು. ಕೊಟ್ಟ ದಾರವನ್ನು ತೆಗೆದುಕೊಂಡು ಹೋದರು. ಆ ಕೋಲು ಇಂದಿಗೂ ಇಡಿಯಾಗಿದೆ, ಡಾಕ್ಟರೂ ಇಡಿಯಾಗಿದ್ದಾರೆ.

ಅಚ್ಚಾದ ಅಂಕಿಯನ್ನು ಅವನು ನಂಬುತ್ತಿರಲಿಲ್ಲ. ಹೊಸ ಮಾಲು ಬಂದ ದಿನ ತೊಲೆಯ ಕೊಕ್ಕೆಗೆ ದಾರ ಕಟ್ಟಿ, ಇನ್ನೊಂದು ತುದಿಗೆ ಬಕೆಟ್ ತೂಗಿಬಿಟ್ಟು, ದಾರ ಕಡಿಯುವ ತನಕ ಚೊಂಬಿನಿಂದ ನೀರು ಹೊಯ್ಯುತ್ತಿದ್ದ. ಕಡಿಯುತ್ತಿದ್ದದ್ದು ಯಾವಾಗಲೂ ಗಂಟಿನ ಬಳಿ. ಗಂಟು ಬಿದ್ದ ಮೇಲೆ ಉಳಿಯುವ ಶಕ್ತಿಯೇ ದಾರದ ನಿಜವಾದ ಶಕ್ತಿ ಎಂಬುದು ಅವನ ಸಿದ್ಧಾಂತ. ಒಂದು ಸಲ ದಾರಕ್ಕೆ ಬದಲು ಬಕೆಟ್ಟಿನ ಹಿಡಿಯೇ ಕಿತ್ತುಬಂದು, ಎದುರಿಗಿದ್ದ ಗಿರಾಕಿ ಸೊಂಟದಿಂದ ಕೆಳಗೆ ಪೂರ್ತಿ ತೊಯ್ದುಹೋದ. ಅಂಗಡಿಯವನು ಖಾಲಿ ಬಕೆಟ್ಟನ್ನು ಎತ್ತಿಟ್ಟು, "ನಿಮ್ಮನ್ನ ಅಲ್ಲಿ ನಿಂತ್ಕೊಳ್ಳಿ ಅಂದೋರು ಯಾರು?" ಎಂದು ಕೇಳಿದ.

ನಡೆಯುವಾಗ ತಲೆ ತಗ್ಗಿಸಿಯೇ ನಡೆಯುತ್ತಿದ್ದ. ಹೊಸಬರು ಅದನ್ನು ವಿನಯವೆಂದುಕೊಳ್ಳುತ್ತಿದ್ದರು. ವಿನಯಕ್ಕೂ ಅವನಿಗೂ ಮುಖಪರಿಚಯ ಕೂಡ ಇರಲಿಲ್ಲ. ಬಂದರಿನ ಕಲ್ಲುಕಟ್ಟೆಯ ಮೇಲೆ ಜನ ಬಿಸಾಡಿದ ದಾರದ ತುಂಡುಗಳನ್ನು ಅರಸುವ ನಡಿಗೆ ಅದು. ಹೆಣೆದ ದಾರ ಕೊಳೆಯುವುದಿಲ್ಲ. ಕಡಲಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಕಾಲನ್ನು ತಿಂದೇ ಬಿಡುತ್ತದೆ. ಆದ್ದರಿಂದ ಹೆಜ್ಜೆಹೆಜ್ಜೆಗೂ ಬಗ್ಗಿ, ಹೆಕ್ಕಿ, ಬೂದು ಬಣ್ಣದ ಕೋಟಿನ ಜೇಬಿಗೆ ತುರುಕಿಕೊಳ್ಳುತ್ತ ಹೋಗುತ್ತಿದ್ದ. ಜೇಬುಗಳು ಉಬ್ಬಿ ಕಪ್ಪೆಯ ಕೆನ್ನೆಗಳಂತೆ ಕಾಣುತ್ತಿದ್ದವು. ಆ ಕೋಟು ಅವನ ಅಣ್ಣ ಹೊಲಿದುಕೊಟ್ಟದ್ದು. "ನಾನು ಹೊಲಿದಿದ್ದು ಕೋಟು ಕಣೋ, ಕಸದ ಬುಟ್ಟಿ ಅಲ್ಲ," ಎಂದು ಅಣ್ಣ ರೇಗಿದರೆ, "ಹಾಗಾದ್ರೆ ಜೇಬು ಯಾಕಿಟ್ಟೆ?" ಎನ್ನುವುದು ತಮ್ಮನ ಉತ್ತರ.

ಅಣ್ಣ ದರ್ಜಿ. ಗಂಡ ಕತ್ತರಿಸಿ ಕೊಟ್ಟದ್ದನ್ನು ಹೆಂಡತಿ ಹೊಲಿಯುತ್ತಿದ್ದಳು. ಹಾಗೆ ಇಬ್ಬರೂ ಕೂಡಿ ಅಂಗಡಿಯನ್ನೂ ಸಂಸಾರವನ್ನೂ ನಡೆಸಿದ್ದರು. ರಜೆಯ ದಿನ ಬೆಳಗ್ಗೆ ದರ್ಜಿ ಕಲ್ಲುಕಟ್ಟೆಯ ಮೇಲೆ ಗಾಳ ಹಿಡಿದು ನಿಲ್ಲುತ್ತಿದ್ದ. ಅಂಥವನಿಗೆ ಪಾರ್ಶ್ವವಾಯು ಬಡಿಯಿತು. ಕಾಲು ಮರಳಿ ಬಂತು, ಮಾತು ಬಂತು, ಬಲಗೈಯನ್ನು ಎತ್ತಿ ಇಳಿಸಲು ಬಂತು. ಆ ಕೈಯ ಬೆರಳುಗಳಿಗೆ ಸ್ಪರ್ಶ ಮಾತ್ರ ಮರಳಲಿಲ್ಲ. ಬಟ್ಟೆಯನ್ನು ಉಜ್ಜಿ ನೋಡಿ ಅದರ ಹುಟ್ಟುಗುಣ ಹೇಳುತ್ತಿದ್ದವನಿಗೆ ರೇಷ್ಮೆಯೂ ಗೋಣಿಯೂ ಒಂದೇ ಆದವು. ಅವನು ಕತ್ತರಿಯನ್ನು ಕೆಳಗಿಟ್ಟ. ಕೈಯನ್ನು ದುಡಿಸುತ್ತಲೇ ಇರಬೇಕು, ಸುಮ್ಮನೆ ಬಿಟ್ಟರೆ ಉಳಿದದ್ದೂ ಹೋಗುತ್ತದೆ ಎಂದು ವೈದ್ಯರು ಎಚ್ಚರಿಸಿ, ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ದರ್ಜಿ ಅದನ್ನು ಕಿಟಕಿಯಾಚೆ ಎಸೆದ. ಆಮೇಲೊಂದು ದಿನ ತಾನಾಗಿಯೇ, "ಗಾಳ ಹಿಡಿದ್ರೆ ಕೈ ತಾನೇ ಕೆಲ್ಸ ಮಾಡುತ್ತೆ, ನೋಡು," ಎಂದಾಗ ಹೆಂಡತಿಗೆ ಹೋದ ಜೀವ ಬಂದಂತಾಯಿತು. ಹಳೆಯ ದಾರ ನವೆದಿತ್ತು. ತಮ್ಮನ ಅಂಗಡಿಯ ತನಕ ನಡೆದುಹೋದವನು ಬರಿಗೈಯಲ್ಲಿ ಮರಳಿದ.

"ಏನಂದ?"

"ನಿಂಗೆ ದಾರ ಇಲ್ಲ ಅಂದ."

"ಯಾಕಂತೆ?"

"ಇಲ್ಲ ಅಂದ್ರೆ ಇಲ್ಲ ಅಂತೆ. ಕಾರಣ ಹೇಳೋ ಮುಖಾನಾ ಅದು?"

ಅಂದಿನಿಂದ ದರ್ಜಿ ಕಿಟಕಿಯ ಬಳಿಯ ಕುರ್ಚಿ ಬಿಟ್ಟು ಏಳಲಿಲ್ಲ. ಊಟ ಎಡಗೈಯಲ್ಲಿ, ನೀರು ಎಡಗೈಯಲ್ಲಿ. ಬಲಗೈ ಯಾರೋ ಮರೆತುಹೋದ ವಸ್ತುವಿನಂತೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಹೊಲಿಗೆಯ ಯಂತ್ರದ ಮುಂದೆ ಕುಳಿತು ಅದನ್ನೇ ನೋಡಿ ನೋಡಿ ಸಾಕಾಗಿ, ಆಕೆ ಅರ್ಧ ಹೊಲಿದ ಕಾಲರನ್ನು ಅಲ್ಲೇ ಬಿಟ್ಟು ಮೈದುನನ ಅಂಗಡಿಗೆ ನಡೆದಳು.

"ಒಡಹುಟ್ಟಿದವನಿಗೆ ಒಂದು ಉರುಳೆ ದಾರ ಕೊಡೋಕೆ ನಿಂಗೆ ಕೈ ಬರಲಿಲ್ವೇನೋ?"

"ಅತ್ತಿಗೆ, ಅವನಿಗೆ ಬಿಸಿ ಗೊತ್ತಾಗುತ್ತಾ?"

"ನಾನು ದಾರದ ಮಾತಾಡ್ತಿದ್ರೆ..."

"ಬಿಸಿ ಗೊತ್ತಾಗುತ್ತಾ ಅಂದೆ."

ಕುದಿಯುವ ಟೀಯ ಲೋಟವನ್ನು ಗಂಡ ಬಲಗೈಯಲ್ಲಿ ಹಿಡಿದು ಹರಟುತ್ತ ಕುಳಿತದ್ದು, ಅಂಗೈಯ ಬೊಬ್ಬೆಯನ್ನು ಕಣ್ಣಿಂದ ಕಂಡ ಮೇಲಷ್ಟೇ ಅವನಿಗೆ ತಿಳಿದದ್ದು, ಆಕೆಗೆ ನೆನಪಾಯಿತು.

"ಎಸೆಯೋವಾಗ ದಾರ ತೋರುಬೆರಳ ಮೇಲೆ ನಿಲ್ಲುತ್ತೆ," ಎಂದ ಮೈದುನ. "ಬಿಡೋ ಹೊತ್ತು ಬೆರಳಿಗೆ ಗೊತ್ತಾಗ್ಬೇಕು. ಗೊತ್ತಾಗದೆ ಹಿಡ್ಕೊಂಡ್ರೆ ಕುಯ್ಯುತ್ತೆ. ಕುಯ್ದಿದ್ದೂ ಅವನಿಗೆ ಗೊತ್ತಾಗಲ್ಲ."

"ಹಾಗಾದ್ರೆ ನೈಲಾನ್ ಕೊಡು. ಇಲ್ಲಾ ಗ್ಲೌಸ್ ಹಾಕ್ಕೋತಾರೆ."

"ನೈಲಾನ್ ಹಿಗ್ಗುತ್ತೆ. ಮೀನು ಕಚ್ಚಿದ್ದು ಆ ಹಿಗ್ಗಿನಲ್ಲೇ ಕಳೆದುಹೋಗುತ್ತೆ, ಅವನವರೆಗೂ ಬರಲ್ಲ. ಹೆಣೆದಿದ್ದಾದ್ರೆ ಮೊಣಕೈಗೆ ಬಡಿಯುತ್ತೆ. ಮೊಣಕೈಲಿ ಇನ್ನೂ ಜೀವ ಇದೆ ತಾನೆ? ಇನ್ನು ಗ್ಲೌಸು! ನಿಮ್ಮ ಯಜಮಾನ್ರು ಗ್ಲೌಸ್ ಹಾಕ್ಕೊಳ್ಳೋ ಪೈಕಿನಾ? ಚಳೀಲಿ ಮಫ್ಲರ್ ಕೊಟ್ರೆ ಮೂಟೆ ಕಟ್ಟೋಕೆ ಇಟ್ಕೊಂಡೋನು."

"ಮತ್ತೇನು ಮಾಡೋದು?"

"ಯೋಚ್ನೆ ಮಾಡ್ತಿದೀನಿ."

"ಇದನ್ನೇ ಅವರಿಗೆ ಬಾಯಿಬಿಟ್ಟು ಹೇಳಿದ್ರೆ ಏನಾಗ್ತಿತ್ತು? ಗೋಡೆ ನೋಡ್ಕೊಂಡು ಕೂತಿದಾರೆ. ಬಂದು ತಪ್ಪಾಯ್ತು ಅಂತ ಒಂದು ಮಾತು ಹೇಳು."

"ನಾನ್ಯಾಕೆ ಹೇಳ್ಲಿ? ಕೊಡದೆ ಇದ್ದಿದ್ದು ಸರೀನೇ."

ಇದಾದ ಕೆಲವು ದಿನಗಳ ಮೇಲೆ ಮೀನಿನ ಮಾರುಕಟ್ಟೆಯ ಬದಿಯಿಂದ ಹಾದುಹೋಗುತ್ತಿದ್ದಾಗ, ಮೀನು ಮಾರುವವಳು ಆಕೆಯನ್ನು ಕೂಗಿ ಕರೆದಳು. "ಅಮ್ಮಾ, ನಿಮ್ಮ ಮೈದುನ ನಮ್ಮ ಹೊಟ್ಟೆ ಮೇಲೆ ಹೊಡೆಯೋಕೆ ಮೀನಿನ ವ್ಯಾಪಾರ ಶುರು ಮಾಡಿದಾನಾ? ದಿನಾ ಬಕೆಟ್ ತುಂಬ ಐಸ್ ಹೊತ್ಕೊಂಡು ಹೋಗ್ತಾನೆ, ಒಂದು ಮೀನು ಕೊಳ್ಳಲ್ಲ!"

ಆಕೆ ಅಲ್ಲಿಂದ ನೇರವಾಗಿ ಕಲ್ಲುಕಟ್ಟೆಗೆ ಹೋದಳು. ಮೈದುನ ಒಬ್ಬನೇ ಕುಳಿತಿದ್ದ. ಬಲಗೈ ಮಣಿಕಟ್ಟಿನವರೆಗೂ ಐಸಿನ ಬಕೆಟ್ಟಿನಲ್ಲಿತ್ತು. ಅದು ಕೆಂಪೇರಿ, ಮರಗಟ್ಟಿದ ಮೇಲೆ ಹೊರತೆಗೆದು, ಗಾಳದ ಮೊನೆಯಿಂದ ಬೆರಳ ತುದಿಯನ್ನು ಚುಚ್ಚಿ ನೋಡಿಕೊಂಡು, ಮುಖವನ್ನು ಅತ್ತ ತಿರುಗಿಸಿ ಗಾಳ ಎಸೆದ. ಎಸೆದಾದ ಮೇಲೆ ಬೆರಳನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದ. ರೀಲಿನ ಉರುಳೆಯನ್ನು ಬದಲಿಸಿ ಕೈಯನ್ನು ಮತ್ತೆ ಐಸಿನೊಳಗೆ ಇಳಿಸಿದ. ತೋರುಬೆರಳಿನ ಮೇಲೆ ಒಂದರ ಮೇಲೊಂದು ತೆಳ್ಳನೆಯ ಗಾಯಗಳು, ಹೊಸವೂ ಒಣಗಿದವೂ.

"ಇದೇನೋ ಮಾಡ್ಕೊಂಡಿದೀಯ!"

"ಅಣ್ಣನ ಕೈ ಮಾಡ್ಕೊಂಡಿದೀನಿ," ಎಂದ ಅವನು, ತಲೆಯೆತ್ತದೆ. "ಇಪ್ಪತ್ತು ಪೌಂಡಿಂದು ಒಂದೇ ಎಸೆತಕ್ಕೆ ಕುಯ್ಯುತ್ತೆ. ನಲವತ್ತೂ ಬಿಡಲ್ಲ. ಮೀನಿಗೆ ಇಪ್ಪತ್ತೇ ಸಾಕು, ಬೆರಳಿಗೆ ಸಾಕಾಗಲ್ಲ. ದಪ್ಪ ಆದಷ್ಟೂ ಕುಯ್ಯೋದು ಕಡಿಮೆ, ಇನ್ನೂ ದಪ್ಪಕ್ಕೆ ಹೋಗ್ಬೇಕು."

ಜಗಳಕ್ಕೆಂದು ಬಂದವಳು ಚೀಲದಲ್ಲಿದ್ದ ಬಟ್ಟೆಯ ಚೂರನ್ನು ತೆಗೆದು ಆ ಬೆರಳಿಗೆ ಸುತ್ತಿ, ಹಲ್ಲಿನಿಂದ ಅಂಚು ಸೀಳಿ ಗಂಟು ಹಾಕಿದಳು. ಕಣ್ಣೀರು ಹಾಕುವ ಅಭ್ಯಾಸ ಆಕೆಗಿರಲಿಲ್ಲ. ಗಂಟನ್ನು ಸ್ವಲ್ಪ ಬಿಗಿಯಾಗಿಯೇ ಎಳೆದಳು.

"ಅವನಿಗೆ ಹೇಳ್ಬೇಡಿ," ಎಂದ ಮೈದುನ. ಆಕೆ ಹೇಳಲಿಲ್ಲ.

ವಾರ ಕಳೆದು ಅವನೇ ಮನೆಗೆ ಬಂದ. ತಂದದ್ದು ಇಷ್ಟು ವರ್ಷ ಗಿರಾಕಿಗಳಿಗೆ ಕೊಡುತ್ತಿದ್ದದ್ದಕ್ಕಿಂತ ಮೂರು ಪಟ್ಟು ಪೌಂಡಿನ, ದಪ್ಪನೆಯ ಹೆಣೆದ ದಾರ. ಅದರ ತುದಿಗೆ ಒಂದು ಮಾರು ಉದ್ದದ ತೆಳು ನೈಲಾನ್ ಕಟ್ಟಿ, ಗಾಳವನ್ನು ಆ ನೈಲಾನಿಗೆ ಬಿಗಿದಿದ್ದ.

"ಏನೋ ಇದು, ಊರಿಗೆಲ್ಲ ನೂಲು ಕೊಟ್ಟು ನಂಗೆ ಹಗ್ಗ ತಂದಿದೀಯ?" ಎಂದ ದರ್ಜಿ.

"ನೀನು ಹಿಡ್ಕೊಳ್ಳೋದು ದಪ್ಪದ್ದು. ತುಂಡಾಗ್ಬೇಕಾದ್ರೆ ತುಂಡಾಗೋದು ಆ ಸಣ್ಣದು. ಕೋಲಿಗೂ ಏನಾಗಲ್ಲ, ನಿಂಗೂ ಏನಾಗಲ್ಲ."

"ಜನ್ಮವೆಲ್ಲ ದಾರದಲ್ಲೇ ಕಳೆದವನು ನಾನು. ನಂಗೇ ಪಾಠ ಹೇಳ್ತಾನೆ ನೋಡೇ ಇವನು!" ಎಂದು ಹೆಂಡತಿಯ ಕಡೆ ತಿರುಗಿದ ದರ್ಜಿಯ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಕೋಪವೆಂಬುದೊಂದು ಕಾಣಿಸಿತು. ಆಕೆಗೆ ಆ ಕೋಪವೇ ಔಷಧಿ ಹತ್ತಿದ ಲಕ್ಷಣವಾಗಿ ಕಂಡಿತು. ಹಿಂದೆ ದಾರ ಕೊಡದಿದ್ದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಇಂಥ ಮನುಷ್ಯರು ಎಲ್ಲ ಕಸುಬುಗಳಲ್ಲೂ ಒಬ್ಬಿಬ್ಬರು ಇರುತ್ತಾರೆ. ಸವಿಮಾತು ಅವರಿಗೆ ಬಾರದು, ಉಪಚಾರ ಬಾರದು, ಸಂತೈಸುವುದಂತೂ ಬಾರದು. ಇನ್ನೊಬ್ಬರಿಗಾಗಿ ಅವರು ಮಾಡಬಲ್ಲದ್ದು ಒಂದೇ, ಸರಿಯಾದದ್ದನ್ನು ಕಂಡುಹಿಡಿದು ಕೊಡುವುದು. ಆದ್ದರಿಂದಲೇ ತಾವು ಸರಿ ಎಂಬುದನ್ನು ಅವರು ಬಡವನು ತನ್ನ ಒಂದೇ ಒಳ್ಳೆಯ ಅಂಗಿಯನ್ನು ಕಾಪಾಡುವಂತೆ ಕಾಪಾಡಿಕೊಳ್ಳುತ್ತಾರೆ. ಅದು ಹೋದರೆ ನಾಲ್ಕು ಜನರ ಮುಂದೆ ನಿಲ್ಲಲು ಅವರ ಬಳಿ ಮತ್ತೇನೂ ಇರುವುದಿಲ್ಲ. ಅವರೊಡನೆ ಬಾಳುವುದು ಪ್ರಯಾಸ. ಅವರ ದೆಸೆಯಿಂದ ಉಳಿದುಕೊಂಡವರು ಆ ಪ್ರಯಾಸವನ್ನು ದೊಡ್ಡದು ಮಾಡಬಾರದು.

ಮುಂದಿನ ರಜೆಯ ದಿನ ಮೂವರೂ ಕಲ್ಲುಕಟ್ಟೆಗೆ ಹೋದರು. ದರ್ಜಿಯ ಮೊದಲ ಎಸೆತ ಕಾಲ ಬಳಿಯೇ ಬಿತ್ತು, ಎರಡನೆಯದು ಓರೆಯಾಯಿತು. ತಮ್ಮ ಕೈಕಟ್ಟಿ ನಿಂತಿದ್ದ. ಮತ್ತೊಂದು ಎಸೆತ ನೆಟ್ಟಗೆ ದೂರ ಹೋಯಿತು. ತುಸು ಹೊತ್ತಿನಲ್ಲೇ ದರ್ಜಿಯ ಮೊಣಕೈ ಅದುರಿತು.

"ಬಂತು! ಬಂತು ಕಣೇ! ಇಲ್ಲಿ, ಮೊಣಕೈಗೆ ಬಂತು!"

ದೊ‌ಡ್ಡ ಮೀನೇ. ಅದು ಆಳಕ್ಕೆ ಓಡಿತು. ಓಡುವ ಮೀನಿಗೆ ರೀಲು ದಾರ ಬಿಟ್ಟುಕೊಡಬೇಕು, ಬಿಡಲಿಲ್ಲ. ಕೋಲು ಬಿಲ್ಲಾಯಿತು. ಆಕೆ ಗಂಡನ ಕೈಯನ್ನು ನೋಡಿದಳು. ಎಸೆದಾಗ ಬಗ್ಗಿದ್ದ ತೋರುಬೆರಳು ಮತ್ತೆ ಮಡಿಚಿಕೊಂಡು, ದಾರವನ್ನು ಕೋಲಿಗೆ ಅದುಮಿ ಹಿಡಿದಿತ್ತು. ಅದರ ಒಡೆಯನಿಗೆ ಅದರ ಅರಿವೇ ಇರಲಿಲ್ಲ. ಮೈದುನನೂ ಕಂಡ. ಅವನು ಬಾಯಿ ತೆರೆಯುವಷ್ಟರಲ್ಲಿ ನೀರಿನೊಳಗೆ ನೈಲಾನ್ ತುಂಡಾಗಿ, ಕೋಲು ನೆಟ್ಟಗಾಗಿ ದಾರ ಜೋತುಬಿತ್ತು.

ದರ್ಜಿಯ ಮುಖ ಬಾಡಿತು. "ಯಾಕೋ ತುಂಡಾಯ್ತು?" ಎಂದು ಮೆಲ್ಲಗೆ ಕೇಳಿದ. ತಮ್ಮನ ಮೇಲಿದ್ದ ಅವನ ಕಣ್ಣು ನಿಧಾನವಾಗಿ ತನ್ನ ಕೈಯ ಕಡೆಗೆ ಇಳಿಯತೊಡಗಿತು. ಆ ಬೆರಳನ್ನು ಅವನು ಈಗ ನೋಡಿದನೆಂದರೆ ಕಿಟಕಿಯ ಬಳಿಯ ಆ ಕುರ್ಚಿಗೆ ಮರಳಿ, ಇನ್ನು ಏಳುವುದೇ ಇಲ್ಲ ಎಂದು ಆಕೆಗೆ ಖಚಿತವಾಯಿತು.

ಮೈದುನ ಅಷ್ಟರಲ್ಲಿ ಮುಂದೆ ಬಂದು ನಡುವೆ ನಿಂತಿದ್ದ. ದಾರದ ತುದಿಯನ್ನು ಎಳೆದುಕೊಂಡು ಎತ್ತಿ ತೋರಿಸಿದ.

"ತಪ್ಪು ನಂದೇ ಅಣ್ಣ. ಕೊನೇಲಿ ಕಟ್ಟಿದ್ದು ತೀರಾ ಸಣ್ಣದಾಯ್ತು. ನನ್ನ ಲೆಕ್ಕ ತಪ್ಪಿತು."

ದರ್ಜಿ ಕತ್ತು ನೆಟ್ಟಗೆ ಮಾಡಿದ. "ಅದೇ ಅಂದ್ಕೊಂಡೆ ನಾನು! ಕಟ್ಟು, ಬೇಗ ಬೇರೆ ಕಟ್ಟು. ಅದಿನ್ನೂ ಇಲ್ಲೇ ಎಲ್ಲೋ ಇದೆ," ಎನ್ನುತ್ತ ನೀರಿನ ಮೇಲೆ ಕಣ್ಣು ನೆಟ್ಟ.

ತಮ್ಮ ಕುಕ್ಕುರುಗಾಲಿನಲ್ಲಿ ಕುಳಿತು, ಅದೇ ಉರುಳೆಯಿಂದ ಅದೇ ದಪ್ಪದ ನೈಲಾನನ್ನು ಕತ್ತರಿಸಿ ಕಟ್ಟಿದ. ಎದ್ದವನು ಕೋಲನ್ನು ಸರಿಪಡಿಸುವವನಂತೆ ಬಾಗಿ, ಅಣ್ಣನ ತೋರುಬೆರಳನ್ನು ದಾರದಿಂದ ಮೆಲ್ಲನೆ ಬಿಡಿಸಿ ನೇರ ಮಾಡಿದ. ಬೆರಳ ಮೇಲೆ ದಾರ ಒತ್ತಿದ ಗುರುತಿತ್ತು, ರಕ್ತವಿರಲಿಲ್ಲ. ಅಣ್ಣ ನೀರನ್ನೇ ನೋಡುತ್ತಿದ್ದ. ಅವನಿಗೆ ಏನೂ ತಿಳಿಯಲಿಲ್ಲ.