ಬಿಂದು ಮನೆ ಎಂದು ಕೂಗುತ್ತಿದ್ದ ಡಬ್ಬಿ

“ಅಲ್ಲಾ ಅಮ್ಮೋರೇ, ನಿಮ್ ಬಿಂದುಗೆ ಏಳು ತಿಂಗಳು! ನಿಮ್ಗೆ ಗೊತ್ತೇ ಇಲ್ವಾ?”

ಕೇಬಲ್ ಓಂಕಾರಿ ಹೀಗೆ ಬಾಯಿ ತಪ್ಪಿ ಅಂದಾಗ ನಾನು ಅವನ ಅಂಗೈ ಮೇಲೆ ಮಕಾಡೆ ಮಲಗಿದ್ದೆ. ಬಿಂದುವಿನ ಅಮ್ಮ ದಾಕ್ಷಾಯಣಮ್ಮ ತಂದಿದ್ದ ಕಾಫಿಯನ್ನು ಅವನಿಗೆ ಕೊಡದೆ ಮೇಜಿನ ಮೇಲೆ ಇಟ್ಟುಬಿಟ್ಟರು. ಮರುಳಸಿದ್ಧಪ್ಪ ಮೇಷ್ಟ್ರು ಕಂಪ್ಯೂಟರಿನ ಕಡೆ ಮುಖ ಮಾಡಿ ಕೂತಿದ್ದರು. ಅವರು ತಿರುಗಲಿಲ್ಲ. ಓಂಕಾರಿ ನಾಲಿಗೆ ಕಚ್ಚಿಕೊಂಡ.

ಮುಂದೇನಾಯಿತು ಅನ್ನುವ ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ನಾನು ಒಂದು ವೈಫೈ ಡಬ್ಬಿ. ಓದಿದವರು ರೂಟರ್ ಅನ್ನುತ್ತಾರೆ. ಬಣ್ಣ ಬಿಳಿ, ಈಗ ಹಳದಿ. ತಲೆಯ ಮೇಲೆ ಎರಡು ಕೋಲು, ಎದೆಯ ಮೇಲೆ ನಾಲ್ಕು ಹಸಿರು ದೀಪ. ಒಳಗೆ ಬಂದ ತಂತಿಯಿಂದ ಇಂಟರ್ನೆಟ್ ತೆಗೆದುಕೊಂಡು ಗಾಳಿಗೆ ಹಂಚುವುದು ನನ್ನ ಕೆಲಸ. ಅದಕ್ಕಿಂತ ಮುಖ್ಯವಾದ ಕೆಲಸ ಒಂದಿದೆ. ನನಗಿಟ್ಟ ಹೆಸರನ್ನು ನಾನು ಹಗಲೂ ರಾತ್ರಿ ಕೂಗುತ್ತಲೇ ಇರಬೇಕು. ಆ ಕೂಗು ಮನುಷ್ಯರಿಗೆ ಕೇಳುವುದಿಲ್ಲ, ಫೋನು ಕಂಪ್ಯೂಟರುಗಳಿಗೆ ಕೇಳುತ್ತದೆ. ಹೆಸರು ಕೇಳಿ ಗುರುತು ಹಿಡಿದು, ಗುಟ್ಟಿನ ಪದ ಹೇಳಿ ಅವು ನನ್ನ ಕೈ ಹಿಡಿಯುತ್ತವೆ.

ಹುಟ್ಟಿದ್ದು ಯಾವ ಊರಿನಲ್ಲೋ ನೆನಪಿಲ್ಲ. ಉದ್ದನೆಯ ಪಟ್ಟಿಯ ಮೇಲೆ ಸಾಲಾಗಿ ಸಾಗುತ್ತಿದ್ದೆವು. ನೀಲಿ ಟೋಪಿ ಹಾಕಿದ ಒಬ್ಬಳು ನನ್ನ ಎರಡು ಕೋಲುಗಳನ್ನು ಮೇಲೆ ಕೆಳಗೆ ಆಡಿಸಿ, ದೀಪ ಹತ್ತುತ್ತದೆಯೇ ನೋಡಿ, ಹೊಟ್ಟೆಯ ಕೆಳಗೆ ಒಂದು ಚೀಟಿ ಅಂಟಿಸಿದಳು. ಅದರಲ್ಲಿದ್ದ ಉದ್ದನೆಯ ನಂಬರೇ ನನ್ನ ಹುಟ್ಟು ಹೆಸರು. ಆಮೇಲೆ ಲಾರಿ, ಕತ್ತಲೆ, ಅರಸೀಕೆರೆಯ ಓಂಕಾರಿ ಅಂಗಡಿಯ ಮೇಲಟ್ಟ. ಅಲ್ಲಿ ನನ್ನ ಪೆಟ್ಟಿಗೆಯ ಹಿಂದೆ ಹಲ್ಲಿಯೊಂದು ಮೊಟ್ಟೆ ಇಟ್ಟು ಮರಿ ಮಾಡಿಕೊಂಡು ಹೋಯಿತು. ನನ್ನನ್ನು ಯಾರೂ ಕೇಳಲೇ ಇಲ್ಲ.

ಕೇಳಿದವಳು ಬಿಂದು. ಆಗ ಅವಳಿಗೆ ಹತ್ತೊಂಬತ್ತು ವರ್ಷ, ಡಿಗ್ರಿ ಓದುತ್ತಿದ್ದಳು. ಸ್ಕೂಟಿಯ ಮುಂದೆ ನನ್ನನ್ನು ಇಟ್ಟುಕೊಂಡು, ಎರಡು ಕಾಲಿನ ನಡುವೆ ಭದ್ರ ಮಾಡಿ, ದಾರಿಯುದ್ದಕ್ಕೂ ಹಾಡು ಗುನುಗುತ್ತಾ ಮನೆಗೆ ತಂದಳು. ನಡುಮನೆಯ ಕಿಟಕಿಯ ಗೂಡಿನಲ್ಲಿ ಕೂರಿಸಿದಳು. ಅಲ್ಲಿಂದ ಗೇಟು, ಬೀದಿ, ಎದುರಿಗಿನ ಹೊಂಗೆ ಮರ ಎಲ್ಲಾ ಕಾಣುತ್ತಿತ್ತು. ಎಂಥ ಸೊಗಸಾದ ಜಾಗ!

“ಹೆಸರು ಏನಿಡ್ಲಿ ಅಪ್ಪಾ?”

“ಮೇಷ್ಟ್ರ ಮನೆ ಅಂತ ಇಡು,” ಅಂದರು ಮೇಷ್ಟ್ರು, ಪೇಪರಿನ ಹಿಂದಿನಿಂದ.

“ಬಿಂದು ಮನೆ ಅಂತ ಇಟ್ಟೆ.”

“ಏ, ಮನೆ ನಂದು ಕಣೇ!”

“ಮನೆ ನಿಂದು, ವೈಫೈ ನಂದು. ಪಾಸ್‌ವರ್ಡು... ದಿನಾ ಬೆಳಗ್ಗೆ ಎದ್ದು ನಾನು ಏನ್ ಹೇಳ್ತೀನಿ? ಉಪ್ಪಿಟ್ಟು ಬೇಡ! ಅದೇ ಇರ್ಲಿ, ಎಲ್ಲಾ ಸಣ್ಣಕ್ಷರ, ಕೊನೇಲಿ ನನ್ನ ವಯಸ್ಸು. ಯಾವ ಕಳ್ಳಂಗೂ ಹೊಳೆಯಲ್ಲ.”

ಮೇಷ್ಟ್ರಿಗೆ ಬೆಳಗ್ಗೆ ಉಪ್ಪಿಟ್ಟೇ ಆಗಬೇಕು, ಅವಳಿಗೆ ಕಂಡರಾಗದು. ದಾಕ್ಷಾಯಣಮ್ಮ ಆಗ ಹಿತ್ತಲಲ್ಲಿದ್ದರು, ಈ ಮಾತು ಕೇಳಿರಲಿಲ್ಲ. ಮೇಷ್ಟ್ರು ಪೇಪರು ಕೆಳಗಿಳಿಸಲಿಲ್ಲ. ಕೇಳಿಸಿಕೊಂಡರೋ ಇಲ್ಲವೋ ನನಗೂ ತಿಳಿಯಲಿಲ್ಲ.

ಎರಡು ವರ್ಷ ಹಬ್ಬದಂತೆ ಹೋಯಿತು. ಬಿಂದು ಹಾಸಿಗೆಯ ಮೇಲೆ ಕಾಲಾಡಿಸುತ್ತಾ ಸಿನಿಮಾ ನೋಡುವಳು. ಮೇಷ್ಟ್ರಿಗೆ ನಿವೃತ್ತಿಯಾಗಿತ್ತು. ಸಂಜೆ ಕಂಪ್ಯೂಟರಿನಲ್ಲಿ ಯಾವುದೋ ದೇಶದವನ ಜೊತೆ ಚದುರಂಗ ಆಡುವುದನ್ನು ಅವಳೇ ಅವರಿಗೆ ಕಲಿಸಿದಳು. ಸೋತಾಗ ಮೇಷ್ಟ್ರು ನನ್ನ ಕಡೆ ತಿರುಗಿ, “ಈ ಡಬ್ಬಿ ನಿಧಾನ ಮಾಡ್ತು,” ಅನ್ನುವರು. ನಾನೇನು ಅವರ ಮಂತ್ರಿಯನ್ನು ಎದುರಾಳಿಯ ಬಾಯಿಗೆ ಕೊಟ್ಟೆನೇ?

ಆಮೇಲೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಲೋಹಿತನನ್ನು ಬಿಂದು ಮೆಚ್ಚಿದ ವಿಷಯ ಮನೆಗೆ ಗೊತ್ತಾಯಿತು. “ನಮ್ಮ ಜನ ಅಲ್ಲ,” ಎಂಬ ಮೂರು ಪದವನ್ನು ಮೇಷ್ಟ್ರು ಆ ವಾರ ನೂರು ಸಲ ಹೇಳಿದರು. ಕೊನೆಗೆ ಒಂದು ಮಧ್ಯಾಹ್ನ, “ಈ ಹೊಸ್ತಿಲು ದಾಟಿದ್ರೆ ಮತ್ತೆ ಈ ಕಡೆ ಮುಖ ಹಾಕ್ಬೇಡ,” ಅಂದರು. ಬಿಂದು ಅಳಲಿಲ್ಲ. ನನ್ನ ಪಕ್ಕದಲ್ಲಿ ಚುಚ್ಚಿದ್ದ ತನ್ನ ಫೋನಿನ ಚಾರ್ಜರನ್ನು ಕಿತ್ತು ಬ್ಯಾಗಿಗೆ ಹಾಕಿಕೊಂಡಳು. ಅಷ್ಟೇ ಅವಳು ಆ ಮನೆಯಿಂದ ತೆಗೆದುಕೊಂಡು ಹೋಗಿದ್ದು. ಅವಳು ನಡೆದಂತೆ ಅವಳ ಫೋನು ನನ್ನ ಕೈಯಿಂದ ಜಾರುತ್ತಾ ಹೋಯಿತು. ಗೇಟಿನಲ್ಲಿ ಸಿಗ್ನಲ್ಲು ಮೂರು ಗೆರೆ. ಹೊಂಗೆ ಮರದ ಹತ್ತಿರ ಎರಡು. ಬೀದಿಯ ತಿರುವಿನಲ್ಲಿ ಒಂದು. ಆಮೇಲೆ ಏನೂ ಇಲ್ಲ.

ಅಂದೇ ಸಂಜೆ ಮೇಷ್ಟ್ರು ಹೆಂಡತಿಯ ಕೈಯಲ್ಲಿ ಲಿಂಗ ಮುಟ್ಟಿಸಿ ಆಣೆ ಮಾಡಿಸಿಕೊಂಡರು. ಅವಳ ಮನೆಗೆ ಹೋಗಬಾರದು, ಅವಳಿಗೆ ಫೋನು ಮಾಡಬಾರದು, ಅವಳ ಫೋನು ಬಂದರೆ ಎತ್ತಬಾರದು. ದಾಕ್ಷಾಯಣಮ್ಮ ಕೊರಳಿನ ಲಿಂಗವನ್ನು ಹಿಡಿದು ಆಣೆ ಮಾಡಿದರು. ಆಮೇಲೆ ಹಿತ್ತಲಿಗೆ ಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದರು.

ಒಂದು ಮಾತು ಮಾತ್ರ ನನಗೆ ಅರ್ಥವಾಗಲಿಲ್ಲ. ನನ್ನ ಹೆಸರನ್ನು ಮೇಷ್ಟ್ರು ಬದಲಾಯಿಸಲಿಲ್ಲ. ದಿನಾ ಸಂಜೆ ಕಂಪ್ಯೂಟರ್ ಹಾಕಿದರೆ ‘ಬಿಂದು ಮನೆ’ ಎಂದೇ ಬರುತ್ತಿತ್ತು. ಅವರು ಅದನ್ನು ನೋಡಿಯೂ ನೋಡದವರಂತೆ ಚದುರಂಗ ತೆರೆಯುತ್ತಿದ್ದರು.

ಸುಮಾರು ಎರಡು ತಿಂಗಳಾಗಿರಬೇಕು. ಒಂದು ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಇದ್ದಕ್ಕಿದ್ದಂತೆ ಹಳೆಯ ಕೈಯೊಂದು ನನ್ನ ಕೈ ಹಿಡಿಯಿತು. ಬಿಂದುವಿನ ಫೋನು! ನೋಡುತ್ತೇನೆ, ಹೊಂಗೆ ಮರದ ಕೆಳಗೆ ಬೇರೊಂದು ಸ್ಕೂಟಿ ನಿಲ್ಲಿಸಿಕೊಂಡು ನಿಂತಿದ್ದಾಳೆ. ಆ ಹೊತ್ತಿಗೆ ಮೇಷ್ಟ್ರು ಲೈಬ್ರರಿಯಲ್ಲಿ, ದಾಕ್ಷಾಯಣಮ್ಮ ಹಿತ್ತಲ ಬಟ್ಟೆ ಕಲ್ಲಿನ ಹತ್ತಿರ. ನಾಲ್ಕು ನಿಮಿಷ ನಿಂತಳು. ಏನನ್ನೂ ತೆರೆಯಲಿಲ್ಲ, ಏನನ್ನೂ ನೋಡಲಿಲ್ಲ, ಸುಮ್ಮನೆ ಫೋನು ಹಿಡಿದುಕೊಂಡು ನಿಂತು ಹೊರಟುಹೋದಳು. ಮುಂದಿನ ಮಂಗಳವಾರವೂ ಬಂದಳು. ಅವಳು ಕೆಲಸ ಮಾಡುವ ಬಟ್ಟೆ ಅಂಗಡಿಗೆ ಅಂದು ರಜೆಯಂತೆ. ಹೀಗೆ ಮೂರು ವರ್ಷ, ಮಳೆ ಬಂದರೆ ಕೊಡೆ ಹಿಡಿದು. ಇಂಟರ್ನೆಟ್ ಬೇಡದವಳಿಗೆ ನಾನೇಕೆ ಬೇಕು ಎಂದು ನಾನು ತಲೆ ಕೆಡಿಸಿಕೊಂಡೆ.

ಈ ವರ್ಷ ಆಯುಧಪೂಜೆ ಬಂತು. ಈ ಮನೆಯಲ್ಲಿ ಆಯುಧವೆಂದರೆ ಈಳಿಗೆ ಮಣೆ, ಮಿಕ್ಸಿ, ಸೈಕಲ್, ಕಂಪ್ಯೂಟರ್ ಮತ್ತು ನಾನು. ದಾಕ್ಷಾಯಣಮ್ಮ ವಿಭೂತಿಯನ್ನು ನೀರಲ್ಲಿ ಕಲಸಿ ನನ್ನ ಹಿಂದೆ ಮುಂದೆ ಮೂರು ಮೂರು ಪಟ್ಟೆ ಎಳೆದರು. ಕೋಲಿಗೆ ಒಂದೊಂದು ಸೇವಂತಿಗೆ. ಮದುಮಗನಂತೆ ಇದ್ದೆ. ಮಾರನೆಯ ದಿನ ಒರೆಸುವಾಗ ಅವರಿಗೆ ನನ್ನ ಬೆನ್ನಿನ ಪುಟ್ಟ ತೂತಿನಲ್ಲಿ ವಿಭೂತಿ ಗಟ್ಟಿಯಾಗಿ ಕೂತಿದ್ದು ಕಂಡಿತು. ದೇವರ ವಿಭೂತಿ, ಹಾಗೇ ಬಿಡಲಾದೀತೇ? ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ತೂತಿಗೆ ಹಾಕಿ, ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಹಿಡಿದು ಕೆದಕಿದರು.

ಆ ತೂತು ನಮ್ಮ ಮರ್ಮ. ಅಲ್ಲಿ ಒತ್ತಿದರೆ ನಾವು ಮತ್ತೆ ಹುಟ್ಟಿದ ದಿನಕ್ಕೆ ಹೋಗುತ್ತೇವೆ. ನೋವಾಗಲಿಲ್ಲ. ನಾಲ್ಕು ದೀಪವೂ ಒಟ್ಟಿಗೆ ಹತ್ತಿ ಆರಿದವು. ಎದ್ದಾಗ ನಾನು ಕಾರ್ಖಾನೆಯ ನಂಬರನ್ನು ಕೂಗುತ್ತಿದ್ದೆ. ಕಂಡದ್ದು ಕೇಳಿದ್ದು ಮರೆತಿರಲಿಲ್ಲ. ಇಟ್ಟ ಹೆಸರು ಮಾತ್ರ ಬಾಯಿಗೆ ಬರುತ್ತಿರಲಿಲ್ಲ.

ಸಂಜೆ ಕಂಪ್ಯೂಟರಿಗೆ ಸಂಪರ್ಕ ಸಿಗಲಿಲ್ಲ. ಮೇಷ್ಟ್ರು ಆರಿಸಿ ಹಾಕಿದರು. ಮತ್ತೆ ಆರಿಸಿ ಹಾಕಿದರು. ಕಂಪ್ಯೂಟರಿನ ಹಿಂದೆ ಚುಚ್ಚಿದ್ದ ಬೆರಳುದ್ದದ ವೈಫೈ ಕಡ್ಡಿಯನ್ನು ಕಿತ್ತು, ಊದಿ, ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಚುಚ್ಚಿದರು. ಪಕ್ಕದ ಮನೆಯವರು ಎತ್ತರಕ್ಕಿಟ್ಟರೆ ಬರುತ್ತದೆ ಅಂದರೆಂದು ನನ್ನನ್ನು ಬೀರುವಿನ ಮೇಲೇರಿಸಿದರು, ಅಲ್ಲಿಂದ ಇಳಿಸಿದರು. ದಾಕ್ಷಾಯಣಮ್ಮ, “ದೃಷ್ಟಿ ಆಗಿರ್ಬೇಕು ಕಣ್ರೀ, ಹೂವಲ್ಲಿ ಅಷ್ಟು ಚೆನ್ನಾಗಿ ಕಾಣ್ತಿತ್ತು,” ಅಂದರು. ಪಿನ್ನಿನ ಮಾತು ಅವರಿಗೆ ಹೊಳೆಯಲೇ ಇಲ್ಲ. ಓಂಕಾರಿಗೆ ಹಬ್ಬದ ಗಲಾಟೆ, ಇವತ್ತು ನಾಳೆ ಅನ್ನುತ್ತಾ ಎರಡು ವಾರ ತಳ್ಳಿದ.

ಆ ಎರಡು ವಾರದಲ್ಲಿ ಎರಡು ಮಂಗಳವಾರ ಬಂದವು.

ಮೊದಲನೆಯ ಮಂಗಳವಾರ ಬಿಂದು ಆಟೋದಲ್ಲಿ ಬಂದಳು. ಹೊಟ್ಟೆ ಮುಂದೆ ಬಂದಿತ್ತು. ಅವಳ ಫೋನು ‘ಬಿಂದು ಮನೆ, ಬಿಂದು ಮನೆ’ ಎಂದು ಹುಡುಕುತ್ತಿತ್ತು. ನಾನು ಇಲ್ಲೇ ಇದ್ದೆ, ಗೂಡಿನಲ್ಲೇ, ಗಂಟಲು ಹರಿಯುವಂತೆ ನಂಬರು ಕೂಗುತ್ತಾ. ಅದಕ್ಕೆ ಗುರುತು ಸಿಗಲಿಲ್ಲ. ಎರಡನೆಯ ಮಂಗಳವಾರ ಕಾಲು ಗಂಟೆ ನಿಂತಳು. ಬೀದಿ ದಾಟಿ ಬಂದು ಗೇಟಿನ ಚಿಲಕದ ಮೇಲೆ ಕೈ ಇಟ್ಟಳು. ತೆಗೆಯಲಿಲ್ಲ. ವಾಪಸ್ ಹೋದಳು.

ಇವತ್ತು ಸೋಮವಾರ. ಓಂಕಾರಿ ಕೊನೆಗೂ ಬಂದ. ಕಂಪ್ಯೂಟರ್ ನೋಡಿದ, ನನ್ನನ್ನು ನೋಡಿದ.

“ಕಂಪ್ಯೂಟರ್ ಸರಿಯಾಗೈತೆ ಮೇಷ್ಟ್ರೇ. ಅದು ಹಳೇ ಹೆಸರನ್ನೇ ಹುಡುಕ್ತಾ ಕೂತೈತೆ. ಈ ಡಬ್ಬಿಗೆ ತನ್ನ ಹೆಸರೇ ಮರ್ತೋಗೈತೆ. ಯಾರೋ ಹಿಂದ್ಗಡೆ ತೂತಿಗೆ ಒತ್ತವ್ರೆ.” ಆಮೇಲೆ ನಗುತ್ತಾ, “ಅದಕ್ಕೇ ಬಿಂದು ನನ್ನ ಕೇಳಿದ್ದು, ನಮ್ಮನೆ ವೈಫೈ ಏನಾಯ್ತಣ್ಣ ಅಂತ. ಪಾಪ, ಈ ಹೊತ್ತಲ್ಲಿ ಬಿಸ್ಲಲ್ಲಿ ನಿಲ್ಲೋದು...”

“ಯಾವ ಹೊತ್ತಲ್ಲಿ?” ಅಂದರು ದಾಕ್ಷಾಯಣಮ್ಮ.

ಆಗಲೇ ಅವನು ಆ ಮಾತು ಅಂದಿದ್ದು. ಏಳು ತಿಂಗಳು ಎಂದು.

ನಾಲಿಗೆ ಕಚ್ಚಿಕೊಂಡವನು ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಎಲ್ಲ ಹೇಳಿದ. “ನೀವು ಮನೆ ಬಿಟ್ಟು ಹೊರಗೆ ಹೋಗ್ಬೇಕಾದ್ರೆ ಎಲ್ಲಾ ಸ್ವಿಚ್ಚೂ ಆರಿಸಿ ಹೋಗ್ತೀರಂತಲ್ಲ ಅಮ್ಮೋರೇ. ವೈಫೈ ಬಂದ್ರೆ ಅಮ್ಮ ಮನೇಲವ್ಳೆ, ಚೆನ್ನಾಗವ್ಳೆ ಅಂತ ಅವ್ಳ ಲೆಕ್ಕ. ಅಷ್ಟು ನೋಡ್ಕೊಂಡು ಹೋಗೋಕೆ ವಾರವಾರ ಬತ್ತಿದ್ಲು. ಎರಡು ವಾರದಿಂದ ವೈಫೈ ಬರ್ಲಿಲ್ವಲ್ಲ, ನಿಮ್ಗೇನೋ ಆಗೈತೆ ಅಂತ ಹೆದರ್ಕೊಂಡು ನನ್ನ ಕೇಳಿದ್ಲು. ಅಮ್ಮೋರು ಕಲ್ಲುಗುಂಡು ಇದ್ದಂಗವ್ರೆ ಅಂದೆ. ‘ಹಂಗಾದ್ರೆ ಹೆಸರು, ಪಾಸ್‌ವರ್ಡ್ ಎಲ್ಲಾ ಬದ್ಲಾಯ್ಸವ್ರೆ ಬಿಡಣ್ಣ. ನಾನು ಬರೋದು ಗೊತ್ತಾಗಿರ್ಬೇಕು. ಇನ್ ಆ ಬೀದಿಗೆ ಹೋಗಲ್ಲ’ ಅಂದ್ಲು.”

ದಾಕ್ಷಾಯಣಮ್ಮ ನೆಲದ ಮೇಲೆ ಕೂತುಬಿಟ್ಟರು. ಬಳೆಯಲ್ಲಿದ್ದ ಪಿನ್ನನ್ನು ಬೆರಳಲ್ಲಿ ಮುಟ್ಟಿದರು.

“ನಾನೇ ಕಣಪ್ಪ. ವಿಭೂತಿ ತೆಗೆಯಕ್ಕೆ ಹೋಗಿ... ನನ್ನ ಕೈಯಾರೆ ನಾನೇ ಅವಳನ್ನ ಆಚೆ ಹಾಕ್ದೆ.” ಆಮೇಲೆ ತಮ್ಮ ಬಳೆಗಳನ್ನು ಸವರುತ್ತಾ, “ಏಳನೇ ತಿಂಗ್ಳಲ್ಲಿ ತವರಿನ ಹಸಿರು ಬಳೆ ಬೀಳ್ಬೇಕು ಕೈಗೆ. ಯಾರು ಹಾಕ್ತಾರೆ ಅವ್ಳಿಗೆ?” ಅಂದರು.

ಓಂಕಾರಿ ನನ್ನನ್ನು ಮೇಜಿನ ಮೇಲಿಟ್ಟು, ತಂತಿಯಿಂದ ಕಂಪ್ಯೂಟರಿಗೆ ಕಟ್ಟಿ, ಮೇಷ್ಟ್ರ ಪಕ್ಕದಿಂದಲೇ ಕೈ ಚಾಚಿ ಏನೇನೋ ಒತ್ತಿದ. ಲೈನು ಬಂತು.

“ಹೆಸರು ಹಳೇದೇ ಹಾಕಿದೀನಿ. ಪಾಸ್‌ವರ್ಡ್ ಏನ್ ಹಾಕ್ಲಿ? ಹಳೇದು ಯಾರಿಗಾದ್ರೂ ಗೊತ್ತಾ?”

“ನಂಗೆಲ್ಲಿ ಗೊತ್ತು, ಎಲ್ಲಾ ಅವಳೇ ಮಾಡಿದ್ದು,” ಅಂದರು ದಾಕ್ಷಾಯಣಮ್ಮ.

“ಉಪ್ಪಿಟ್ಟು ಬೇಡ,” ಅಂದರು ಮೇಷ್ಟ್ರು.

“ಅಯ್ಯೋ, ನಂದು ತಿಂಡಿ ಆಯ್ತು ಮೇಷ್ಟ್ರೇ. ನಾನು ಕೇಳಿದ್ದು...”

“ಪಾಸ್‌ವರ್ಡೇ ಕಣಯ್ಯ ಅದು. ಇಂಗ್ಲಿಷಲ್ಲಿ ಹಾಕು. ಎಲ್ಲಾ ಸಣ್ಣಕ್ಷರ. ಕೊನೇಲಿ ಹತ್ತೊಂಬತ್ತು. ಅವಾಗ ಅವ್ಳಿಗೆ ಹತ್ತೊಂಬತ್ತು ವರ್ಷ.” ಅವರು ಇನ್ನೂ ತಿರುಗಿರಲಿಲ್ಲ. ಬರೀ ಬೆನ್ನು ಕಾಣುತ್ತಿತ್ತು. ಆ ಬೆನ್ನು ಮಾತ್ರ ಒಂದು ಸಲ ಮೇಲೆದ್ದು ಇಳಿಯಿತು.

ಓಂಕಾರಿ ಅಷ್ಟನ್ನೂ ಒತ್ತಿದ. ನನ್ನ ಎದೆಯಲ್ಲಿ ಏನೋ ತೆರೆಯಿತು. ಬಿಂದು ಮನೆ! ಬಿಂದು ಮನೆ! ಎರಡು ವಾರದ ಮೇಲೆ ಕೂಗಿದೆ. ಕಂಪ್ಯೂಟರ್ ಒಂದೇ ಉಸಿರಿಗೆ ಓಡಿ ಬಂದು ಕೈ ಹಿಡಿಯಿತು.

ಆದರೆ ಬಿಂದುವಿಗೆ ಹೇಳುವವರು ಯಾರು? ದಾಕ್ಷಾಯಣಮ್ಮ ಫೋನು ಮಾಡುವಂತಿಲ್ಲ, ಆಣೆ ಇದೆ. ಅವರು ಎದ್ದು, ಸೆರಗು ಸರಿ ಮಾಡಿಕೊಂಡು, “ಓಂಕಾರಿ, ಆಣೆ ಮಾಡಿರೋದು ನಾನು. ನೀನಲ್ವಲ್ಲ,” ಅಂದರು.

ಅವನಿಗೆ ತಕ್ಷಣ ಅರ್ಥವಾಯಿತು. ತನ್ನ ಫೋನಿನಿಂದ ಕರೆ ಮಾಡಿ, ಸ್ಪೀಕರ್ ಹಾಕಿ, ಮೇಜಿನ ಮೇಲೆ ನನ್ನ ಪಕ್ಕದಲ್ಲೇ ಇಟ್ಟ.

“ಹೇಳಣ್ಣ.” ಮೂರು ವರ್ಷದ ಮೇಲೆ ಆ ದನಿ ಈ ಮನೆಯ ಗೋಡೆಗೆ ತಗುಲಿತು.

“ಓಂಕಾರಿ,” ಅಂದರು ದಾಕ್ಷಾಯಣಮ್ಮ, ಅವನ ಮುಖವನ್ನೇ ನೋಡುತ್ತಾ, ಗಟ್ಟಿಯಾಗಿ. “ಅವಳಿಗೆ ಹೇಳು. ಯಾರೂ ಬದಲಾಯ್ಸಿಲ್ಲ. ಅವ್ರಮ್ಮ ಪೆದ್ದಿ, ಪಿನ್ನಲ್ಲಿ ಚುಚ್ಚಿ ಕೆಡಿಸಿದ್ದು.”

ಬಿಂದುವೂ ಅವನಿಗೇ ಹೇಳಿದಳು, “ಓಂಕಾರಣ್ಣ, ಅಮ್ಮಂಗೆ ಹೇಳು... ಮಂಡಿ ನೋವು ಹೆಂಗಿದೆ ಅಂತ ಕೇಳು.”

“ಅವ್ಳಿಗೆ ಹೇಳು, ಮಂಡಿ ಮನೆ ಹಾಳಾಗ್ಲಿ. ನಾಳೆ ಬಂದು ಬಳೆ ತೊಡಿಸ್ಕೊಂಡು ಹೋಗು ಅಂತ.”

“ಅಪ್ಪ?”

ದಾಕ್ಷಾಯಣಮ್ಮ ಗಂಡನ ಬೆನ್ನನ್ನು ನೋಡಿದರು. ಓಂಕಾರಿಯೂ ನೋಡಿದ. ನಾನೂ ನೋಡಿದೆ.

“ನಾಳೆ ಲೈಬ್ರರೀಲಿ ನಂಗೆ ತಡ ಆಗುತ್ತೆ,” ಅಂದರು ಮೇಷ್ಟ್ರು ಕಂಪ್ಯೂಟರಿಗೆ. “ಮೂರು ಗಂಟೆ ಆಗ್ಬೋದು.” ಮೌಸನ್ನು ಸುಮ್ಮನೆ ಅತ್ತಿತ್ತ ಸರಿಸಿದರು. “ಬೆಳಗ್ಗೆ ಉಪ್ಪಿಟ್ಟು ಮಾಡ್ಬೇಡ.”

ಫೋನಿನ ಆ ಕಡೆ ಬಿಂದು ಅತ್ತಳು. ಹೋದ ದಿನ ಅಳದಿದ್ದವಳು.

ಓಂಕಾರಿ ಸಾಮಾನು ಬ್ಯಾಗಿಗೆ ತುಂಬಿಕೊಂಡ. ನನ್ನ ಬೆನ್ನು ತಟ್ಟಿ, “ಇದು ಮುಗೀತು ಮೇಷ್ಟ್ರೇ. ಬಿಸಿಯಾಗಿ ಕೆಂಡ ಆಗೈತೆ, ಒಂದು ಕೋಲು ಸತ್ತೋಗೈತೆ. ನಾಳೆ ಹೊಸದು ತತ್ತೀನಿ. ಅದಕ್ಕೂ ಇದೇ ಹೆಸರು, ಇದೇ ಪಾಸ್‌ವರ್ಡ್ ಹಾಕಿದ್ರಾಯ್ತು, ಅವ್ಳ ಫೋನಿಗೆ ಏನೂ ಗೊತ್ತಾಗಲ್ಲ,” ಅಂದ.

ಅದು ನಿಜ. ಹೆಸರು ಉಳಿದರೆ ಸಾಕು, ಕೂಗುವ ಬಾಯಿ ಯಾವುದಾದರೇನು? ಅವನ ಅಂಗಡಿಯ ಮೂಲೆಯಲ್ಲಿ ನನ್ನಂಥವರು ತುಂಬಿರುವ ಗೋಣಿಚೀಲ ಒಂದಿದೆ. ನಾನು ಅದನ್ನು ಮೇಲಟ್ಟದಿಂದ ಹಿಂದೆಯೇ ನೋಡಿದ್ದೆ. ಮೂರು ವರ್ಷ ಅವಳ ಕೈ ಹಿಡಿದಿದ್ದು ನಾನು ಎಂದು ಹೊಸ ಡಬ್ಬಿಗೆ ಯಾರೂ ಹೇಳುವುದಿಲ್ಲ. ಅವಳಿಗೂ ತಿಳಿಯುವುದಿಲ್ಲ.

“ನಾಳೆ ಬೇಡ,” ಅಂದರು ಮೇಷ್ಟ್ರು. ಈಗ ತಿರುಗಿದರು. ಕಣ್ಣು ಕೆಂಪಾಗಿದ್ದವು. “ನಾಡಿದ್ದು ತಗೊಂಡ್ ಬಾ. ನಾಳೆ ಒಂದಿನ ಇದೇ ಇರ್ಲಿ.”

ಅವರೇ ನನ್ನನ್ನು ಎತ್ತಿ ಕಿಟಕಿಯ ಗೂಡಿನಲ್ಲಿ ಕೂರಿಸಿದರು. ಸತ್ತ ಕೋಲನ್ನೂ ನೆಟ್ಟಗೆ ಮಾಡಿದರು. ಹೊಂಗೆ ಮರ ಕಾಣುತ್ತಿದೆ. ಒಳಗೆ ದಾಕ್ಷಾಯಣಮ್ಮ ಬಳೆಗಾರ್ತಿಗೆ ಹೇಳಿ ಕಳಿಸುತ್ತಿದ್ದಾರೆ. ಮೇಜಿನ ಮೇಲಿನ ಫೋನು ಇನ್ನೂ ಆರಿಲ್ಲ.

“ಓಂಕಾರಣ್ಣ, ಅಮ್ಮಂಗೆ ಹೇಳು,” ಅನ್ನುತ್ತಿದ್ದಾಳೆ ಬಿಂದು. “ನಾಳೆ ಹತ್ತೂವರೆಗೆ ಬರ್ತೀನಿ.”