ಪ್ರೆಸ್ಸಿನಲ್ಲಿ ಒತ್ತಿಟ್ಟ ಬ್ಯಾಟರಿ

ಕ್ಯಾಮೆರಾದ ಬ್ಯಾಟರಿ ಊದಿಕೊಂಡಿತ್ತು. ಹೊರಗೆ ಬರಲಾರೆ ಎಂದು ಹಟ ಹಿಡಿದಿದ್ದನ್ನು ಹೇಗೋ ಎಳೆದು ತೆಗೆದದ್ದಾಗಿತ್ತು. ಈಗ ಅದು ಒಳಗೆ ಹೋಗುತ್ತಿರಲಿಲ್ಲ. ಸ್ಟುಡಿಯೋ ಇಟ್ಟವರಿಗೆಲ್ಲ ಗೊತ್ತಿರುವ ತಾಪತ್ರಯ ಇದು. ನಾಳೆ ಮದುವೆಯ ಕೆಲಸ, ಇವತ್ತು ಬ್ಯಾಟರಿ ಕೈಕೊಡುತ್ತದೆ.

ಅತ್ತಿಗೆ ಸ್ಟುಡಿಯೋಗೆ ಬಂದಾಗ ಮೈದುನ ಆಲ್ಬಂ ಒತ್ತುವ ಪ್ರೆಸ್ಸಿನ ಮುಂದೆ ನಿಂತಿದ್ದ. ಅಂಟು ಹಾಕಿದ ಆಲ್ಬಂಗಳು ಸೊಟ್ಟಗಾಗದಂತೆ ಎರಡು ಕಬ್ಬಿಣದ ಹಲಗೆಗಳ ನಡುವೆ ಇಟ್ಟು, ಮೇಲಿನ ಹಿಡಿ ತಿರುಗಿಸಿ ಬಿಗಿಯುವ ಯಂತ್ರ ಅದು. ಅವಳ ಹೆಗಲಲ್ಲಿ ಗಂಡನ ಕ್ಯಾಮೆರಾ ಬ್ಯಾಗಿತ್ತು. ಮನೆಗೆ ಬೆಂಕಿ ಬಿದ್ದ ದಿನ ಕ್ಯಾಮೆರಾ ರಿಪೇರಿಗೆ ಹೋಗಿತ್ತು, ಹಾಗಾಗಿ ಉಳಿಯಿತು. ಗಂಡ ಉಳಿಯಲಿಲ್ಲ. ಬ್ಯಾಟರಿ ಇಲ್ಲದಿದ್ದರೂ ಅಣ್ಣನ ಕ್ಯಾಮೆರಾ ತಮ್ಮನಿಗಾದರೂ ಆಗಲಿ ಎಂದು ತಂದಿದ್ದಳು.

"ಬನ್ನಿ ಅತ್ತಿಗೆ, ಕೂತ್ಕೊಳ್ಳಿ. ಈ ದಪ್ಪಣ್ಣನ್ನ ಸ್ವಲ್ಪ ಸಣ್ಣ ಮಾಡ್ತಿದ್ದೀನಿ."

"ಯಾರನ್ನ?"

"ಬ್ಯಾಟರೀನ. ಹೊಟ್ಟೆ ಬಂದಿದೆ. ಎರಡು ರಟ್ಟಿನ ಮಧ್ಯ ಇಟ್ಟು ಬಿಗಿ ಮಾಡಿದ್ರೆ ಬೆಳಗ್ಗೆ ಹೊತ್ತಿಗೆ ಚಪ್ಪಟೆ."

ಮೂಲೆಯಲ್ಲಿ ಫೋಟೋಗಳ ಅಂಚು ಕತ್ತರಿಸುತ್ತಿದ್ದ ಓರಗಿತ್ತಿ ತಲೆ ಎತ್ತಿದಳು. "ನಿಮ್ಮ ಹೊಟ್ಟೇನೂ ಅಲ್ಲೇ ಇಡಿ. ಎರಡೂ ಒಂದೇ ಸಲ ಆಗಿಹೋಗ್ಲಿ."

ಅತ್ತಿಗೆಗೆ ನಗು ಬರಲಿಲ್ಲ. ಅಳುವೂ ಬಂದು ಬಹಳ ದಿನವಾಗಿತ್ತು.

"ಹಿಡಿ ತಿರುಗಿಸ್ಬೇಡ. ಕೈ ತೆಗಿ," ಎಂದಳು.

"ಅಯ್ಯೋ, ಯಾಕತ್ತಿಗೆ? ಇದನ್ನ ನಂಗೆ ಕಲಿಸಿದ್ದೇ ಅಣ್ಣ. ಎಷ್ಟು ಸಲ ಮಾಡಿಲ್ಲ ಅವನು? ಏನೂ ಆಗಿಲ್ಲ."

"ಕೊನೇ ಸಲ ಆಯ್ತು."

ಮೈದುನನ ಕೈ ಹಿಡಿಯ ಮೇಲೆಯೇ ನಿಂತಿತು. ಹಳೇ ಮನೆ, ಹಳೇ ವೈರು ಎಂದು ನೆಂಟರೆಲ್ಲ ಮಾತಾಡಿಕೊಂಡಿದ್ದರು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಸುಟ್ಟ ಕೋಣೆಯನ್ನು ಜಾಲಾಡಿದ ಅಗ್ನಿಶಾಮಕ ದಳದವರು ನಿಜ ಹೇಳಿದ್ದು ಅವಳೊಬ್ಬಳಿಗೆ. ಮಗ ತಾನೇ ಒತ್ತಿದ ಬ್ಯಾಟರಿಯಿಂದ ಹೋದ ಎಂದು ತಾಯಿಯ ಮುಂದೆ ಹೇಳಲು ಅವಳಿಗೆ ನಾಲಗೆ ಹೊರಳಿರಲಿಲ್ಲ. ಆ ತಾಯಿ ಈಗ ಸ್ಟುಡಿಯೋವನ್ನೂ ಮನೆಯನ್ನೂ ಬೇರೆ ಮಾಡುವ ಪರದೆಯ ಆಚೆ ಮಂಚದ ಮೇಲಿದ್ದರು. ಪಕ್ಕದಲ್ಲಿ ಓರಗಿತ್ತಿಯ ಮಗು ಮಲಗಿತ್ತು. ಈಗಲೂ ಬಾಯಿ ಮುಚ್ಚಿಕೊಂಡರೆ ಇವನು ಹಿಡಿ ತಿರುಗಿಸುತ್ತಾನೆ.

"ಮಗೂನ ಎತ್ಕೊಂಡು ಹೊರಗೆ ನಡಿ," ಎಂದು ಓರಗಿತ್ತಿಗೆ ಹೇಳಿದಳು. "ಅತ್ತೇನೂ ಕರ್ಕೋ."

"ಎಲ್ಲಿಗೆ? ಭೂಮಿ ನಡುಗ್ತಾ?" ಎಂದು ಅತ್ತೆ ಗೊಣಗುತ್ತಲೇ ಎದ್ದರು.

"ಹೇಳ್ತೀನಿ ಅತ್ತೆ. ಮೊದ್ಲು ಹೊರಗೆ ಹೋಗಿ."

ಅವರು ಹೊರಗೆ ಹೋದ ಮೇಲೆ ಮೈದುನನ ಕಡೆ ತಿರುಗಿದಳು. "ಬಿಸಿ ಇದೆಯಾ? ವಾಸನೆ? ಸದ್ದು?"

"ಏನೂ ಇಲ್ಲ. ತಣ್ಣಗೇ ಇದೆ."

"ಇದ್ದಿದ್ರೆ ಎಲ್ಲ ಬಿಟ್ಟು ಓಡಿ ಅಗ್ನಿಶಾಮಕದವರಿಗೆ ಫೋನ್ ಮಾಡ್ಬೇಕಿತ್ತು. ಈಗ ಮೆಲ್ಲಗೆ ಸಡಿಲ ಮಾಡು. ಚುಚ್ಬೇಡ, ಬೀಳಿಸ್ಬೇಡ."

ಪಕ್ಕದಲ್ಲಿ ಗೋಡೆ ಕಟ್ಟುತ್ತಿದ್ದವರಿಂದ ಅವಳು ಒಂದು ಕಬ್ಬಿಣದ ಬಕೆಟ್ಟಿನಲ್ಲಿ ಒಣ ಮರಳು ತಂದಳು. ಮೈದುನ ಬ್ಯಾಟರಿಯನ್ನು ಮರದ ಇಕ್ಕಳದಲ್ಲಿ ಹಗುರವಾಗಿ ಎತ್ತಿ ಮರಳಿನಲ್ಲಿ ಹೂತ. ಬಕೆಟ್ಟನ್ನು ಹಿತ್ತಲಿನ ಬಯಲಿನಲ್ಲಿ, ಗೋಡೆಯಿಂದ ದೂರ, ಮುಚ್ಚಳವಿಲ್ಲದೆ ಇಟ್ಟರು.

ಇಷ್ಟಾದರೂ ಅವನಿಗೆ ಸಮಾಧಾನವಿರಲಿಲ್ಲ. "ಬೆಂಕಿಪೊಟ್ಟಣದಷ್ಟಿದೆ ಅತ್ತಿಗೆ. ಇದು ಮನೆ ಸುಡುತ್ತಾ?"

"ಬೆಂಕಿಪೊಟ್ಟಣ ಮನೆ ಸುಡಲ್ವಾ?"

ಇಬ್ಬರೂ ಅತ್ತೆ, ಓರಗಿತ್ತಿ ನಿಂತಿದ್ದ ಕಡೆಗೆ ಬಂದರು. ಬೀದಿಯ ಮೆಟ್ಟಿಲ ಮೇಲೆ ಕೂತು ಅವಳು ಹೇಳಿದಳು, "ಅದರೊಳಗೆ ತೆಳು ಹಾಳೆಗಳನ್ನ ಸುತ್ತಿರ್ತಾರೆ. ಹಾಳೆಗೂ ಹಾಳೆಗೂ ಮಧ್ಯ ಒಂದು ಪೊರೆ. ಬ್ಯಾಟರಿ ಕೆಟ್ಟಾಗ ಒಳಗೆ ಗ್ಯಾಸ್ ತುಂಬಿ ಊದುತ್ತೆ. ಒತ್ತಿದ್ರೆ ಪೊರೆ ಹರಿದು ಹಾಳೆಗೆ ಹಾಳೆ ತಗುಲುತ್ತೆ, ಬೆಂಕಿ ಹತ್ತುತ್ತೆ. ನಿಮ್ಮಣ್ಣ ಒತ್ತಿದ. ಸರಿಹೋಯ್ತು ಅಂತ ಚಾರ್ಜಿಗೆ ಹಾಕಿ ಮಲಗಿದ. ಪಕ್ಕದಲ್ಲೇ ಆಲ್ಬಂ ರಾಶಿ. ನಾನು ಮನೇಲಿರ್ಲಿಲ್ಲ."

"ವೈರು ಅಂದ್ರಲ್ಲ?" ಎಂದರು ಅತ್ತೆ.

"ವೈರಲ್ಲ ಅತ್ತೆ."

ಬೀದಿಯಲ್ಲಿ ಒಂದು ಸೈಕಲ್ಲು ಹಾದುಹೋಯಿತು. ಅತ್ತೆ ಅದು ಕಣ್ಮರೆಯಾಗುವವರೆಗೂ ನೋಡಿದರು.

"ನೋವಾಯ್ತಾ ಅವನಿಗೆ?"

"ಮೊದ್ಲು ಹೊಗೆ ತುಂಬಿತು ಅಂದ್ರು ಡಾಕ್ಟರು. ಎಚ್ಚರಾನೇ ಆಗ್ಲಿಲ್ಲ ಅಂದ್ರು."

ಅದು ನಿಜವೋ ಸಮಾಧಾನದ ಮಾತೋ ಅವಳಿಗೂ ಗೊತ್ತಿರಲಿಲ್ಲ.

"ನಾಳೆ ಕೆಲಸಕ್ಕೆ ಏನ್ಮಾಡ್ಲಿ ಅಮ್ಮ?" ಎಂದ ಮೈದುನ, ಸಣ್ಣ ದನಿಯಲ್ಲಿ.

"ಯಾರ ಹತ್ರನಾದ್ರೂ ಕೇಳಿ ತಗೋ. ಸಿಗದಿದ್ರೆ ಕೆಲಸ ಬಿಡು. ಒಬ್ಬನ್ನ ಕೊಟ್ಟಾಯ್ತು ನಾನು. ಹೋಗು, ಒಳಗಿರೋ ಬ್ಯಾಟರಿಗಳನ್ನೆಲ್ಲ ತಗೊಂಡು ಬಾ. ಇವಳು ನೋಡಿ ಹೇಳ್ಲಿ."

ಅವನು ತಗಡಿನ ಡಬ್ಬಿ ತಂದು ತೆರೆದ. ಬೇರೆ ಕ್ಯಾಮೆರಾಗಳ ಹಳೇ ಬ್ಯಾಟರಿಗಳ ಜೊತೆ ಬೀಗದ ಕೈ, ಸ್ಕ್ರೂ, ಚಿಲ್ಲರೆ ಎಲ್ಲ ಒಟ್ಟಿಗೆ ಬಿದ್ದಿದ್ದವು.

"ದೇವರೇ," ಎಂದಳು ಅತ್ತಿಗೆ. "ಈ ತಾಮ್ರದ ತುದಿಗಳಿಗೆ ಬೀಗದ ಕೈ ತಗುಲಿದ್ರೂ ಸಾಕು, ಕಾದುಬಿಡುತ್ತೆ. ಒಂದೊಂದಕ್ಕೂ ಪ್ಲಾಸ್ಟಿಕ್ ಮುಚ್ಚಳ ಹಾಕು. ಮುಚ್ಚಳ ಕಳೆದಿದ್ರೆ ತುದಿಗೆ ಟೇಪ್ ಅಂಟಿಸು, ಬೇರೆ ಬೇರೆ ಚೀಲದಲ್ಲಿಡು."

"ಫುಲ್ ಚಾರ್ಜ್ ಮಾಡಿಟ್ರೆ ಒಳ್ಳೇದಲ್ವಾಕ್ಕ?" ಎಂದಳು ಓರಗಿತ್ತಿ. "ಸೀಸನ್ ಮುಗಿದ್ಮೇಲೆ ನಾನೇ ಎಲ್ಲ ತುಂಬಿಸಿ ಎತ್ತಿಡ್ತೀನಿ."

"ಕೆಲಸಕ್ಕೆ ಹೋಗೋ ಮುಂಚೆ ತುಂಬಿಸು. ತಿಂಗಳುಗಟ್ಟಲೆ ಎತ್ತಿಡೋದಾದ್ರೆ ಅರ್ಧ ಸಾಕು. ಪೂರ್ತಿ ತುಂಬಿದ್ರೂ ಕೆಡುತ್ತೆ, ಪೂರ್ತಿ ಖಾಲಿಯಾದ್ರೂ ಕೆಡುತ್ತೆ. ಕ್ಯಾಮೆರಾದಿಂದ ತೆಗೆದಿಡು. ಆಗಾಗ ನೋಡಿ, ಇಳಿದಿದ್ರೆ ಮತ್ತೆ ಅರ್ಧಕ್ಕೆ ತಾ."

"ಫ್ರಿಜ್ಜಲ್ಲಿ ಇಡ್ಬಹುದಾ?"

"ಅಲ್ಲಿ ತೇವ. ತಂಪಾದ, ಒಣಗಿದ ಕಪಾಟು ಸಾಕು. ಬಿಸಿಲಲ್ಲಿ ನಿಲ್ಲಿಸಿದ ಗಾಡಿಯಲ್ಲಂತೂ ಬೇಡವೇ ಬೇಡ."

ಡಬ್ಬಿಯಲ್ಲಿ ಇನ್ನೊಂದು ಉಬ್ಬಿದ ಬ್ಯಾಟರಿ ಸಿಕ್ಕಿತು. ಯಾರೂ ತಮಾಷೆ ಮಾಡಲಿಲ್ಲ. ಮೈದುನ ತಾನಾಗಿಯೇ ಅದನ್ನೂ ಇಕ್ಕಳದಲ್ಲಿ ಎತ್ತಿ ಮರಳಿಗೆ ಹಾಕಿದ. ಆಮೇಲೆ ಮಂಚದ ತಲೆದೆಸೆಯಲ್ಲಿದ್ದ ಚಾರ್ಜರುಗಳನ್ನು ಕಿತ್ತು, ಅಂಗಡಿಯ ಮುಂಭಾಗದ ಕಲ್ಲಿನ ಕಟ್ಟೆಯ ಮೇಲೆ, ಕಾಗದ ಬಟ್ಟೆ ಏನೂ ಇಲ್ಲದ ಕಡೆ ಜೋಡಿಸಿದ. ಎದ್ದಿರುವಾಗ ಮಾತ್ರ ಚಾರ್ಜು, ಅದೂ ಆ ಬ್ಯಾಟರಿಯದೇ ಚಾರ್ಜರಿನಲ್ಲಿ ಎಂದು ಅತ್ತೆ ಅವನಿಂದ ಬಾಯಿಬಿಟ್ಟು ಹೇಳಿಸಿದರು. ಮರುದಿನ ಬಕೆಟ್ಟಿನಲ್ಲಿದ್ದ ಎರಡನ್ನೂ ತುದಿಗೆ ಟೇಪು ಸುತ್ತಿ, ಮರಳಿನ ಸಮೇತ, ಹಾಳಾದ ಬ್ಯಾಟರಿ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಟ್ಟುಬಂದರು. ಜೊತೆಗೆ ಅತ್ತೆಯೂ ಹೋಗಿದ್ದರು. ಯಾರೂ ಬರಹೇಳಿರಲಿಲ್ಲ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಒಂದು ಕ್ಯಾಮೆರಾ ಇರಬಹುದು. ಅದರ ಬ್ಯಾಟರಿಯನ್ನು ತೆಗೆದು ಸಮತಟ್ಟಾದ ಮೇಜಿನ ಮೇಲಿಡಿ. ಬೆರಳಿಂದ ಮೆಲ್ಲಗೆ ಮುಟ್ಟಿ ನೋಡಿ. ಅಲ್ಲಾಡಿದರೆ, ಬುಗುರಿಯಂತೆ ತಿರುಗಿದರೆ, ಅದು ಊದಿದೆ ಎಂದೇ ತಿಳಿಯಿರಿ. ಒತ್ತಬೇಡಿ, ಚಾರ್ಜಿಗೆ ಹಾಕಬೇಡಿ, ಕಸದ ಬುಟ್ಟಿಗೂ ಎಸೆಯಬೇಡಿ. ಇನ್ನೊಂದು ಕೆಲಸಕ್ಕೆ ಆದೀತು ಎಂಬ ಆಸೆಯನ್ನು ಬಿಟ್ಟು ಅದನ್ನು ಒಣ ಮರಳಿನಲ್ಲಿ ಹೂತು ಮನೆಯ ಹೊರಗಿಡಿ. ನಾಳೆ ನೋಡೋಣ ಎನ್ನಬೇಡಿ. ಇವತ್ತೇ, ಮನೆಯವರು ಮಲಗುವ ಮುಂಚೆ.