ಹೋಳಾದ ರಸಾಯನಶಾಸ್ತ್ರ

ನಮ್ಮ ಮನೆಯಲ್ಲಿ ದಪ್ಪ ಪುಸ್ತಕ ಯಾವುದೂ ಇಡಿಯಾಗಿ ಉಳಿಯುವುದಿಲ್ಲ. ದೊಡ್ಡ ಮಗಳಿಗೆ ಚಿಕ್ಕಂದಿನಲ್ಲಿ ಕಾಮಾಲೆಯಾಗಿ ಶಾಲೆಯ ಒಂದು ವರ್ಷ ಹೋಯಿತು. ಒಂದು ತರಗತಿ ಹಿಂದಿದ್ದ ತಂಗಿ ಬಂದು ಅವಳ ಪಕ್ಕದಲ್ಲೇ ಕೂತಳು. ಅಂದಿನಿಂದ ಇಬ್ಬರಿಗೂ ಒಂದೇ ತರಗತಿ, ಒಂದೇ ಪುಸ್ತಕ. ಕಿತ್ತಾಡುತ್ತಾರೆಂದು ಅವರಪ್ಪ ಬ್ಲೇಡು ಹಿಡಿದು ಪುಸ್ತಕವನ್ನು ನಡುವೆ ಸೀಳಿ ಇವಳಿಗೊಂದು ಹೋಳು, ಅವಳಿಗೊಂದು ಹೋಳು ಕೊಟ್ಟುಬಿಡುತ್ತಾರೆ. ಸೀಳಿದ ಕಡೆ ಬಟ್ಟೆ ಇಟ್ಟು ಹೊಲಿಯುವುದು ನನ್ನ ಕೆಲಸ. ಹೊಲಿಗೆಯೇ ನನ್ನ ಹೊಟ್ಟೆಪಾಡು. ತನ್ನ ಹೋಳನ್ನು ತಾನು ಓದಿ ಇನ್ನೊಬ್ಬಳಿಗೆ ಬಾಯಲ್ಲಿ ಹೇಳಿಕೊಡಬೇಕು, ಅದು ಅವರಿಬ್ಬರ ಪದ್ಧತಿ. ಹಾಗೇ ಓದಿ ಇಬ್ಬರೂ ಫಾರ್ಮಸಿ ಕಾಲೇಜಿನಲ್ಲಿ ಸೀಟು ಗಿಟ್ಟಿಸಿದರು. ನಾನು ಬೀದಿಯಲ್ಲಿ ಸ್ವಲ್ಪ ಕತ್ತೆತ್ತಿಕೊಂಡೇ ಓಡಾಡಿದೆ, ಸುಳ್ಳು ಯಾಕೆ ಹೇಳಲಿ.

ರಸಾಯನಶಾಸ್ತ್ರದ ಕೊನೆಯ ಪರೀಕ್ಷೆ ಪಾಸಾದರೆ ಮಾತ್ರ ಸೀಟು ಖಾಯಂ ಎಂದು ಕಾಲೇಜಿನವರು ಮೊದಲೇ ಹೇಳಿದ್ದರು. ಚಿಕ್ಕವಳು ಪಾಸಾದಳು. ದೊಡ್ಡವಳು ಫೇಲಾದಳು.

ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಕಾಲೇಜಿನ ಮೊದಲ ದಿನಕ್ಕೆಂದು ನಾನು ದೊಡ್ಡವಳಿಗೆ ಹೊಲಿದಿಟ್ಟಿದ್ದ ಅಂಗಿಯನ್ನು ಚಿಕ್ಕವಳು ಹೇಳದೆ ಕೇಳದೆ ಹಾಕಿಕೊಂಡು ಹೋಗಿ ಕಂಕುಳಲ್ಲಿ ಹರಿದುಕೊಂಡು ಬಂದಿದ್ದಳು. ನಾನು ಅರ್ಧ ಗಂಟೆಯಲ್ಲಿ ಸರಿಮಾಡಿದೆ. ಇವರಿಬ್ಬರು ಮಾತ್ರ ಪರೀಕ್ಷೆ ಹತ್ತಿರ ಬಂದರೂ ಮಾತು ಬಿಟ್ಟೇ ಇದ್ದರು. ಮಾತಿಲ್ಲದ ಮೇಲೆ ಪಾಠ ಎಲ್ಲಿಯದು? ಹೋಳು ಅದಲುಬದಲು ಮಾಡಿಕೊಳ್ಳೋಣ ಎನ್ನಲಿಕ್ಕೂ ಯಾರಾದರೊಬ್ಬರು ಮೊದಲು ಬಾಯಿ ತೆರೆಯಬೇಕಲ್ಲ. ಚಿಕ್ಕವಳ ಅದೃಷ್ಟ, ಪ್ರಶ್ನೆಗಳು ಹೆಚ್ಚಾಗಿ ಅವಳ ಹೋಳಿನಿಂದಲೇ ಬಂದವು.

ದೊಡ್ಡವಳ ಮುಂದೆ ಕಾಲೇಜಿನವರು ಎರಡು ದಾರಿ ಇಟ್ಟರು. ಈಗಲೇ ಸೇರಿ ನಡುವೆ ಆ ಪರೀಕ್ಷೆಯನ್ನು ಮತ್ತೆ ಬರೆಯಬಹುದು, ಆದರೆ ಅದೂ ಹೋದರೆ ಸೀಟು ಶಾಶ್ವತವಾಗಿ ಹೋದಂತೆ. ಇಲ್ಲವೇ ಈ ವರ್ಷ ಬಿಟ್ಟು ಮುಂದಿನ ವರ್ಷ ಸೇರಬಹುದು, ಸೀಟು ಕಾದಿಡುತ್ತಾರೆ. ಶುಕ್ರವಾರದೊಳಗೆ ತಿಳಿಸಬೇಕು, ಸೋಮವಾರ ತರಗತಿ ಶುರು.

ಅವರಪ್ಪ ಸಿಟಿ ಬಸ್ಸಿನ ಡ್ರೈವರು. ಅವರ ಬುದ್ಧಿಯೆಲ್ಲ ಬಸ್ಸಿನಲ್ಲೇ ಓಡುತ್ತದೆ. ರಾತ್ರಿ ಊಟಕ್ಕೆ ಕೂತಾಗ ಹೇಳಿದರು. "ಬಂದ ಬಸ್ಸು ಹತ್ಕೋಬೇಕು ಕಣಮ್ಮಾ. ಮುಂದಿನದು ಖಾಲಿ ಬರುತ್ತೆ ಅಂತ ನಿಂತೋರು ಸಂಜೆ ತನಕ ನಿಂತೇ ಇರ್ತಾರೆ."

"ಮಧ್ಯದಲ್ಲಿ ಇಳಿಸಿಬಿಟ್ರೆ?" ಅಂದಳು ದೊಡ್ಡವಳು. "ಅಲ್ಲಿನ ಪಾಠಾನೂ ಓದಿ, ಇದನ್ನೂ ಓದಿ... ಎರಡು ದೋಣೀಲಿ ಕಾಲಿಟ್ಟ ಹಾಗಾಗುತ್ತಪ್ಪಾ. ಆಗಲೇ ಒಂದ್ಸಲ ಒಂದು ವರ್ಷ ಕಳ್ಕೊಂಡೋಳು ನಾನು. ಈ ಸಲ ಸೀಟೇ ಹೋದ್ರೆ?"

ಆಗ ಚಿಕ್ಕವಳು ತಟ್ಟೆಯಿಂದ ತಲೆ ಎತ್ತದೆ ಹೇಳಿದಳು. "ಅಕ್ಕ ಈ ವರ್ಷ ಸೇರಲ್ಲ ಅಂದ್ರೆ ನಾನೂ ಸೇರಲ್ಲ. ಮುಂದಿನ ವರ್ಷ ಇಬ್ರೂ ಒಟ್ಟಿಗೆ ಹೋಗ್ತೀವಿ."

"ಸರಿಹೋಯ್ತು! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!" ಎಂದು ಅವರಪ್ಪ ಕೂಗಾಡಿದರು.

ದೊಡ್ಡವಳು ಬೇಡ ಎನ್ನುತ್ತಾಳೆಂದು ನಾನು ಕಾದೆ. ಅವಳು ನೀರು ಕುಡಿದು ಲೋಟ ಕೆಳಗಿಟ್ಟು, "ಕಾಯ್ಲಿ ಬಿಡಿ, ಅವಳಿಗೆ ಹಾಗನ್ನಿಸಿದ್ರೆ," ಅಂದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಈ ಕಲ್ಲುಮನಸ್ಸು ಎಲ್ಲಿಂದ ಬಂತು?

ಮರುದಿನ ಮಧ್ಯಾಹ್ನ ಅವರಪ್ಪ ಡ್ಯೂಟಿಗೆ ಹೋಗಿದ್ದರು. ನಾನು ಶಾಲೆಯ ಮಕ್ಕಳ ಸಮವಸ್ತ್ರದ ಅಂಚು ಮಡಿಸಿ ಹೊಲಿಯುತ್ತಿದ್ದೆ, ಇಬ್ಬರೂ ಗುಂಡಿ ಹಾಕಿಕೊಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಏನೇ ನಿನ್ನ ಮನಸ್ಸಲ್ಲಿರೋದು? ಅವಳು ಪಾಪ, ನಿನ್ನ ಜೊತೆ ಮುಳುಗ್ತೀನಿ ಅಂದ್ರೆ ಬಾ ಅಂತೀಯಲ್ಲ!"

"ಪಾಪ ಅಂತೆ." ದೊಡ್ಡವಳು ದಾರ ಕಚ್ಚಿ ತುಂಡರಿಸಿದಳು. "ಪರೀಕ್ಷೆ ಹಿಂದಿನ ದಿನ ಯಾಕೆ ಅರ್ಧಕ್ಕೇ ನಿಲ್ಲಿಸಿದಳು ಅಂತ ಕೇಳು ಅವಳನ್ನ."

"ಏನನ್ನ?"

"ಓದೋದನ್ನ. ಇದೇ ಜಾಗದಲ್ಲಿ ಕೂತು ಅವಳ ಹೋಳನ್ನ ಜೋರಾಗಿ ಓದ್ತಿದ್ದಳಲ್ಲ. ನನಗೋಸ್ಕರಾನೇ ಓದ್ತಿದ್ದಾಳೆ ಅಂತ ಮೊದಲ್ನೇ ಸಾಲಿಗೇ ಗೊತ್ತಾಯ್ತು. ರೂಮಿನಲ್ಲಿ ಗೋಡೆಗೆ ಕಿವಿ ಕೊಟ್ಟು ಬರ್ಕೊಳ್ತಾ ಇದ್ದೆ. ಎಷ್ಟು ಖುಷಿಯಾಗಿತ್ತು ಗೊತ್ತಾ ನಂಗೆ? ಮುಗಿದ ತಕ್ಷಣ ನಾನೇ ಹೋಗಿ ಮಾತಾಡಿಸಬೇಕು ಅಂತಿದ್ದೆ. ಸರಿಯಾಗಿ ಕಷ್ಟದ ಪಾಠ ಬಂದಾಗ ನಿಲ್ಲಿಸಿಬಿಟ್ಟಳು. ಬೇಕೂಂತಲೇ."

ಚಿಕ್ಕವಳು ನನ್ನ ಕಡೆ ಒಂದು ಸಲ ನೋಡಿದಳು, ಆಮೇಲೆ ಕೈಯಲ್ಲಿದ್ದ ಗುಂಡಿಯನ್ನು ನೋಡಿದಳು. "ಗಂಟಲು ಕಟ್ಟಿತ್ತಕ್ಕಾ," ಅಂದಳು.

ಅವಳ ಗಂಟಲು ಚೆನ್ನಾಗಿಯೇ ಇತ್ತು. ಯಾವಾಗಲೂ ತುಟಿ ಕೂಡ ಅಲ್ಲಾಡಿಸದೆ ಓದುವವಳು ಅವತ್ತು ಊರಿಗೆಲ್ಲ ಕೇಳುವಂತೆ ಓದುತ್ತಿದ್ದದ್ದು ಕಂಡು, ಅಕ್ಕನನ್ನು ಕೆಣಕಲಿಕ್ಕೇ ಎಂದುಕೊಂಡೆ. ಮಕ್ಕಳ ಮನಸ್ಸು ನನಗೆ ಅಂಗೈ ನೆಲ್ಲಿಕಾಯಿ ಎಂದು ಹೇಳಿಕೊಂಡು ತಿರುಗುವವಳಲ್ಲವೇ ನಾನು! ಎದ್ದು ಬಂದು, ದೊಡ್ಡವಳಿಗೆ ತೊಂದರೆಯಾಗಬಾರದೆಂದು ಹಲ್ಲು ಕಚ್ಚಿ ಪಿಸುದನಿಯಲ್ಲೇ ಬೈದೆ. 'ಹೊಟ್ಟೆಕಿಚ್ಚಿನವಳೇ, ಅಕ್ಕನ ಓದು ಕೆಡಿಸಬೇಡ, ಬಾಯಿ ಮುಚ್ಕೊಂಡು ಓದು' ಅಂದೆ. ಅವಳು ಏನೋ ಹೇಳಲು ಹೋದಳು, ನಾನು ಬಿಡಲಿಲ್ಲ. ಮತ್ತೆ ಶುರುಮಾಡದಿರಲೆಂದು ನಾನು ಸಂಜೆಯವರೆಗೂ ಅಲ್ಲೇ ಕಾವಲು ಕೂತಿದ್ದೆ.

"ಗಂಟಲೂ ಇಲ್ಲ ಗಿಂಟಲೂ ಇಲ್ಲ," ಅಂದೆ. "ನಾನೇ ನಿಲ್ಲಿಸಿದ್ದು. ನಿನಗೆ ತೊಂದರೆ ಕೊಡ್ತಿದ್ದಾಳೆ ಅಂದ್ಕೊಂಡೆ."

ದೊಡ್ಡವಳು ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಹಾಗಾದ್ರೆ ಈ ಮನೇಲಿ ಹಗೆ ಇಟ್ಕೊಂಡಿದ್ದೋಳು ನಾನೊಬ್ಬಳೇ," ಅಂದಳು. ಆಮೇಲೆ ತಂಗಿಯ ಕಡೆ ತಿರುಗಿದಳು. "ರಿಸಲ್ಟ್ ಬಂದ ಮೇಲಾದ್ರೂ ಹೇಳಬಾರದಿತ್ತೇನೇ?"

"ಹೇಳಿದ್ರೆ ಅಮ್ಮನ ಜೊತೆ ಮಾತು ಬಿಡ್ತಿದ್ದೆ ನೀನು. ನನ್ನ ಜೊತೆ ಹೇಗೂ ಬಿಟ್ಟಿದ್ಯಲ್ಲ, ಅದೇ ಇರಲಿ ಅಂದ್ಕೊಂಡೆ."

ನಾನು ಯಾರದೋ ಮಗುವಿನ ಸಮವಸ್ತ್ರಕ್ಕೆ ಮುಖ ಒತ್ತಿಕೊಂಡು ಅತ್ತೆ. ಒಂದು ಮಾತು ಕೇಳಿದ್ದರೆ ಸಾಕಿತ್ತು, ಯಾಕೆ ಓದ್ತಿದ್ದೀಯಾ ಅಂತ. ಮಗಳ ಒಂದು ವರ್ಷವನ್ನು ನನ್ನ ಕೈಯಾರೆ ಕತ್ತರಿಸಿ ಹಾಕಿದ್ದೆ.

"ಅಪ್ಪ ಹೇಳಿದ ಹಾಗೆ ಇಬ್ರೂ ಈಗಲೇ ಸೇರ್ಕೊಂಡ್ಬಿಡಿ," ಎಂದು ಅಂಗಲಾಚಿದೆ. "ಮನೆ ಕೆಲಸ ಒಂದಕ್ಕೂ ನಿನ್ನನ್ನ ಕರೆಯಲ್ಲ. ಓದ್ಕೊಂಡಿರು."

"ಬೇಡಮ್ಮಾ. ತಪ್ಪು ಯಾರದಾದ್ರೂ ಆಗಲಿ, ಉಳಿದರ್ಧ ನನಗೆ ಬರಲ್ಲ ಅನ್ನೋದು ನಿಜ ತಾನೆ? ಅವಸರದಲ್ಲಿ ಗಟ್ಟು ಹೊಡೆದು ಪಾಸಾದ್ರೆ ಆಗಲ್ಲ, ನಾಳೆ ಯಾರಿಗೋ ಔಷಧಿ ಅಳೆದು ಕೊಡೋ ಕೆಲಸ ಇದು. ಈ ವರ್ಷ ನಾನು ಸೇರಲ್ಲ."

"ನಾನೂ ಸೇರಲ್ಲ," ಅಂದಳು ಚಿಕ್ಕವಳು ತಕ್ಷಣ.

ದೊಡ್ಡವಳು ಫೋನು ತೆಗೆದು ಕಾಲೇಜಿನ ಆಫೀಸಿಗೆ ಮಾಡಿದಳು. ಚಿಕ್ಕವಳು ಕಿತ್ತುಕೊಳ್ಳಲು ಹೋದಾಗ ಅವಳ ಮಣಿಕಟ್ಟನ್ನು ಹಿಡಿದುಕೊಂಡಳು, ಬಿಡಲೇ ಇಲ್ಲ. ಜಗಳಕ್ಕೆ ಮೊದಲು ಪ್ರತಿ ಸಲವೂ ಜೋಡಿಯಾಗಿಯೇ ಹೋಗಿ ವಿಚಾರಿಸಿ ಬರುತ್ತಿದ್ದವರನ್ನು ಅಲ್ಲಿನ ಗುಮಾಸ್ತ ಮರೆತಿರಲಿಲ್ಲ. ಇಬ್ಬರ ಸೀಟನ್ನೂ ಮುಂದಿನ ವರ್ಷಕ್ಕೆ ಹಾಕಬೇಕಾ ಎಂದು ಅವನು ಕೇಳಿದ್ದು ನನಗೂ ಕೇಳಿಸಿತು.

"ಇಲ್ಲ ಸರ್, ನನ್ನದೊಂದೇ," ಅಂದಳು. "ತಂಗಿ ಸೋಮವಾರ ಬರ್ತಾಳೆ."